ಹೈಬ್ರಿಡ್ ಗಾಡಿಯೂ ಗೃಹಸ್ಥನ ಮಿತವ್ಯಯವೂ

ಮಿತವ್ಯಯವೆಂಬುದು ಬೇರೆ, ಜಿಪುಣತನವೆಂಬುದು ಬೇರೆ. ನಾಳೆಯನ್ನು ನೆನೆದು ಇಂದು ಕೈ ಬಿಗಿಹಿಡಿಯುವುದು ಮೊದಲನೆಯದು. ನಾಳೆಯನ್ನು ಮರೆತು ಇಂದು ಕೈ ಮುಚ್ಚುವುದು ಎರಡನೆಯದು. ಅಡಿಗೆಮನೆಯಲ್ಲಿಯೂ ಹೊಲದಲ್ಲಿಯೂ ಈ ಭೇದವನ್ನು ನಮ್ಮವರು ಚೆನ್ನಾಗಿ ಬಲ್ಲರು. ತೊಗರಿಯನ್ನು ಬಿಸಿಲಿಗೆ ಹರವದೆ ಚೀಲಕ್ಕೆ ತುಂಬಿದರೆ ಹುಳು ಬೀಳುವುದೆಂದು ಕಲಬುರಗಿಯ ಕಡೆಯ ಯಾವ ಮುದುಕಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಅಂಗಳದಲ್ಲಿ ಮೋಟಾರುಗಾಡಿ ಬಂದು ನಿಂತಿತೆಂದರೆ ಈ ಎಚ್ಚರಿಕೆ ಎಲ್ಲಿಯೋ ಜಾರಿಹೋಗುತ್ತದೆ. ಅದರಲ್ಲಿಯೂ ಹೈಬ್ರಿಡ್ ಗಾಡಿಯಾದರೆ, ಉಳಿತಾಯವು ತನ್ನಷ್ಟಕ್ಕೆ ತಾನೇ ಆಗುವುದೆಂದು ನಂಬುವವರು ಬಹಳ. ಕೆಲವು ವರ್ಷಗಳಿಂದ ಇಂಥದೊಂದು ಗಾಡಿಯನ್ನು ಕಲಬುರಗಿಗೂ ಕಮಲಾಪುರಕ್ಕೂ ನಡುವೆ ಓಡಿಸುತ್ತಿರುವ ನಾವು ಕಂಡುಕೊಂಡುದನ್ನು ವಾಚಕರ ಮುಂದಿಡುವುದು ಅನುಚಿತವಾಗಲಾರದೆಂದು ಭಾವಿಸುತ್ತೇವೆ.

ಹೈಬ್ರಿಡ್ ಎಂದರೆ ಒಂದೇ ನೊಗಕ್ಕೆ ಹೂಡಿದ ಎರಡು ಎತ್ತುಗಳೆಂದು ತಿಳಿಯಬಹುದು. ಒಂದು ಪೆಟ್ರೋಲಿನ ಎಂಜಿನ್ನು, ಇನ್ನೊಂದು ವಿದ್ಯುತ್ತಿನ ಮೋಟಾರು. ಈ ಯೋಜನೆ ಹೊಸದೇನೂ ಅಲ್ಲ. ಫರ್ಡಿನಾಂಡ್ ಪೋರ್ಶೆ ಎಂಬ ಎಂಜಿನಿಯರನು ೧೯೦೦ರ ಸುಮಾರಿಗೇ ಇಂಥ ಗಾಡಿಯನ್ನು ಮಾಡಿದ್ದನು. ಆದರೆ ಅದು ಸಾಮಾನ್ಯ ಗೃಹಸ್ಥರ ಮನೆಗೆ ಬರತೊಡಗಿದ್ದು ೧೯೯೭ರಲ್ಲಿ ಜಪಾನಿನ ಟೊಯೋಟಾ ಕಂಪನಿಯು ಪ್ರಿಯಸ್ ಎಂಬ ಕಾರನ್ನು ಹೊರತಂದ ಮೇಲೆ. ನಮ್ಮ ರಾಜ್ಯದ ಬಿಡದಿಯ ಕಾರಖಾನೆಯಲ್ಲಿ ೨೦೧೩ರಲ್ಲಿ ಕ್ಯಾಮ್ರಿ ಹೈಬ್ರಿಡ್ ಕಾರಿನ ಜೋಡಣೆ ಪ್ರಾರಂಭವಾಯಿತು. ೨೦೨೨ರಿಂದ ಹೈರೈಡರ್, ಗ್ರ್ಯಾಂಡ್ ವಿಟಾರಾ ಮೊದಲಾದ ಮಧ್ಯಮ ವರ್ಗದವರಿಗೆ ನಿಲುಕುವ ಗಾಡಿಗಳೂ ಅಲ್ಲಿಂದ ಹೊರಬರತೊಡಗಿದವು. ಹೀಗೆ ಕನ್ನಡ ನಾಡಿನಲ್ಲಿಯೇ ಹುಟ್ಟಿದ ಗಾಡಿ ನಮ್ಮ ಬಿಸಿಲುನಾಡಿನ ರಸ್ತೆಗೂ ಬಂದು ಸೇರಿತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಮೊದಲು ದೂರಮಾಡಬೇಕು. ಗೋಡೆಯ ಪ್ಲಗ್ಗಿಗೆ ಸಿಕ್ಕಿಸದ ಹೈಬ್ರಿಡ್ ಗಾಡಿಗೆ ಹೊರಗಿನಿಂದ ವಿದ್ಯುತ್ತು ಬರುವುದಿಲ್ಲ. ಅದರ ಬ್ಯಾಟರಿಯಲ್ಲಿರುವುದೆಲ್ಲವೂ ಪೆಟ್ರೋಲಿನಿಂದ ಹುಟ್ಟಿದ್ದೇ. ಹಾಗಾದರೆ ಉಳಿತಾಯವೆಲ್ಲಿಯದು? ಸಾಮಾನ್ಯ ಗಾಡಿಯಲ್ಲಿ ಬ್ರೇಕು ಒತ್ತಿದಾಗ ಓಟದ ಶಕ್ತಿಯೆಲ್ಲ ಕಾವಾಗಿ ಗಾಳಿಗೆ ಹೋಗುತ್ತದೆ. ಈ ಗಾಡಿಯಲ್ಲಿ ಅದೇ ಶಕ್ತಿಯು ಮೋಟಾರನ್ನು ತಿರುಗಿಸಿ ವಿದ್ಯುತ್ತಾಗಿ ಬ್ಯಾಟರಿಗೆ ಮರಳುತ್ತದೆ. ನಿಂತಲ್ಲಿ ಎಂಜಿನ್ನು ಆರುತ್ತದೆ. ನಿಧಾನವಾಗಿ ಹೊರಡುವಾಗ ಮೋಟಾರೇ ಎಳೆಯುತ್ತದೆ. ಹೋಳಿಯ ತರುವಾಯ ಶರಣಬಸವೇಶ್ವರರ ಜಾತ್ರೆಯ ದಿನಗಳಲ್ಲಿ, ಗುಡಿಯ ಸುತ್ತಲಿನ ಬೀದಿಗಳಲ್ಲಿ ಹೆಜ್ಜೆ ಹೆಜ್ಜೆಗೂ ನಿಂತು ಸಾಗುವಾಗ ಉಳಿದ ಗಾಡಿಗಳು ಸುಮ್ಮನೆ ಪೆಟ್ರೋಲು ಕುಡಿಯುತ್ತಿದ್ದರೆ, ಇದು ಸದ್ದಿಲ್ಲದೆ ತೆವಳುತ್ತದೆ. ಊರೊಳಗೇ ಇದರ ಹೆಚ್ಚುಗಾರಿಕೆ.

ಹುಮನಾಬಾದಿನ ಹೆದ್ದಾರಿಗೆ ಬಿದ್ದು ಕಮಲಾಪುರದ ಕಡೆ ಹೊರಟಾಗ ಲೆಕ್ಕ ಬೇರೆಯಾಗುತ್ತದೆ. ಅಲ್ಲಿ ಬ್ರೇಕಿಗೆ ಕೆಲಸ ಕಡಿಮೆ. ಆದುದರಿಂದ ಮರಳಿ ಬರುವ ಶಕ್ತಿಯೂ ಕಡಿಮೆ. ಅಲ್ಲಿ ಉಳಿತಾಯವು ಚಾಲಕನ ಕಾಲಿನಲ್ಲಿದೆ. ಗಾಳಿಯ ತಡೆಯು ವೇಗದ ವರ್ಗದಂತೆ ಏರುವುದು. ಗಂಟೆಗೆ ೮೦ ಕಿಲೋಮೀಟರಿನಿಂದ ೧೦೦ಕ್ಕೆ ಏರಿಸಿದರೆ ಆ ತಡೆಯು ಒಂದೂವರೆ ಪಟ್ಟಿಗೂ ಮೇಲಾಗುತ್ತದೆ. ೪೦ ಕಿಲೋಮೀಟರಿನ ದಾರಿಯಲ್ಲಿ ಇದರಿಂದ ಉಳಿಯುವ ಸಮಯವೆಷ್ಟು? ಬರಿಯ ೬ ನಿಮಿಷ. ಮಹಾಗಾಂವ ಕ್ರಾಸಿನಲ್ಲಿ ಒಂದು ಚಹಾ ಕುಡಿದರೆ ಅದೂ ಮುಗಿಯಿತು! ನಮ್ಮ ಮನೆಯ ಹುಡುಗರಿಗೆ ಈ ಲೆಕ್ಕವನ್ನು ಕಾಗದದ ಮೇಲೆ ಹಾಕಿ ತೋರಿಸಿದ ಮೇಲೆ ವಾದವಿವಾದಗಳು ನಿಂತುವು. ಬ್ರೇಕಿನ ವಿಷಯದಲ್ಲಿಯೂ ಹೀಗೆಯೇ. ಮುಂದಿನ ತಡೆಯನ್ನು ದೂರದಿಂದಲೇ ಕಂಡು ಮೆಲ್ಲಗೆ ಒತ್ತಿದರೆ ಶಕ್ತಿಯು ಬ್ಯಾಟರಿಗೆ ಸೇರುತ್ತದೆ. ಎದುರಿಗೆ ಬಂದ ಮೇಲೆ ಧಡಕ್ಕನೆ ಒತ್ತಿದರೆ ಹಳೆಯ ಗಾಡಿಯಂತೆಯೇ ಕಾವಾಗಿ ಹೋಗುತ್ತದೆ.

ಇನ್ನು ಗಾಡಿಯ ಆರೈಕೆಯ ಮಾತು. ನಮ್ಮ ಸೀಮೆಯಲ್ಲಿ ಇದಕ್ಕೆ ಇಬ್ಬರು ಶತ್ರುಗಳು: ಬಿಸಿಲು ಮತ್ತು ಧೂಳು. ಏಪ್ರಿಲ್, ಮೇ ತಿಂಗಳುಗಳಲ್ಲಿ ೪೦ ಡಿಗ್ರಿ ದಾಟಿದ ಬಿಸಿಲು ನಮಗೆ ವಾಡಿಕೆಯಾಗಿರಬಹುದು, ಬ್ಯಾಟರಿಗೆ ವಾಡಿಕೆಯಾಗುವುದಿಲ್ಲ. ಕಾವು ಹೆಚ್ಚಿದಷ್ಟೂ ಅದರೊಳಗಿನ ರಾಸಾಯನಿಕ ಕ್ರಿಯೆಗಳು ಬೇಗ ನಡೆದು ಅದರ ಆಯುಷ್ಯ ಸವೆಯುತ್ತದೆ. ಆದುದರಿಂದ ಬೇವಿನ ಮರದ ನೆರಳನ್ನಾಗಲಿ ತಗಡಿನ ಚಪ್ಪರವನ್ನಾಗಲಿ ಹುಡುಕಿ ಗಾಡಿ ನಿಲ್ಲಿಸುವುದು ವಿಲಾಸವಲ್ಲ, ಕರ್ತವ್ಯ. ಬಿಸಿಲಿನಲ್ಲಿ ನಿಂತ ಗಾಡಿಯ ಬಾಗಿಲುಗಳನ್ನು ಎರಡು ನಿಮಿಷ ತೆರೆದಿಟ್ಟು ಒಳಗಿನ ಝಳವನ್ನು ಹೊರಗೆ ಬಿಟ್ಟು ಹೊರಡಬೇಕು.

ಬಹಳ ಮಾದರಿಗಳಲ್ಲಿ ಈ ದೊಡ್ಡ ಬ್ಯಾಟರಿಯು ಗಾಡಿಯ ಒಳಗಿನ ಗಾಳಿಯಿಂದಲೇ ತಂಪಾಗುತ್ತದೆ. ಅದಕ್ಕೆಂದು ಹಿಂದಿನ ಸೀಟಿನ ಬಳಿ, ಕೆಲವುಗಳಲ್ಲಿ ಮುಂದಿನ ಸೀಟಿನ ಕೆಳಗೆ, ಒಂದು ಜಾಲರಿಯ ಕಿಂಡಿಯಿರುತ್ತದೆ. ಗಾಡಿಯ ಒಡೆಯರಲ್ಲಿ ಎಷ್ಟೋ ಮಂದಿಗೆ ಇದರ ಇರವೇ ತಿಳಿದಿರುವುದಿಲ್ಲ. ಕಮಲಾಪುರದ ಕೆಂಪು ಬಾಳೆಹಣ್ಣಿನ ಕೀರ್ತಿಯನ್ನು ನಾವು ಹೇಳಬೇಕಾದುದಿಲ್ಲ. ತೋಟದಿಂದ ಮರಳುವಾಗ ಎರಡು ಗೊನೆಗಳೂ ಒಂದು ಚೀಲವೂ ಹಿಂದಿನ ಸೀಟಿನ ಮೇಲೆ ಏರುವುದು ಎಲ್ಲರ ಮನೆಯ ವಾಡಿಕೆ. ಗೊನೆಯು ಕಿಂಡಿಗೆ ಅಡ್ಡವಾಯಿತೆಂದರೆ ಬ್ಯಾಟರಿಗೆ ಉಸಿರು ಕಟ್ಟಿದಂತೆಯೇ. ನಾವು ಗೊನೆಗಳನ್ನು ಡಿಕ್ಕಿಗೆ ಸೇರಿಸಿ ಕಿಂಡಿಯ ಮುಂದೆ ಗೇಣು ಜಾಗವನ್ನು ಯಾವಾಗಲೂ ಬಿಡುತ್ತೇವೆ. ತೊಗರಿ ರಾಶಿಯ ಕಾಲದಲ್ಲಿ ರಸ್ತೆಯ ಮೇಲೆ ಏಳುವ ಧೂಳು ಆ ಜಾಲರಿಯನ್ನು ಮುಚ್ಚುತ್ತದೆ. ಮಿಸ್ತ್ರಿಯ ಕೈಯಿಂದ ಅದನ್ನು ತೆಗೆಸಿ ಸ್ವಚ್ಛಗೊಳಿಸಬೇಕು. ನಮ್ಮ ಮಿಸ್ತ್ರಿಯು ಮೊದಲ ಸಲ ಆ ಜಾಲರಿಯನ್ನು ಝಾಡಿಸಿ ತೋರಿಸುತ್ತ, “ಇದಕ್ಕ ಭಾಳೇನೂ ಬ್ಯಾಡ್ರಿ ಸಾಹೇಬ್ರ, ಜರಾ ಗಾಳಿ ಆಡಬೇಕು ನೋಡ್ರಿ” ಎಂದನು. ಗ್ರಂಥಗಳಲ್ಲಿ ಹತ್ತು ಪುಟ ಓದಿದರೂ ಇದಕ್ಕಿಂತ ಹೆಚ್ಚಿನ ತತ್ತ್ವ ದೊರೆಯಲಾರದು.

ಇಲ್ಲಿಯೇ ಮಿತವ್ಯಯಕ್ಕೂ ಜಿಪುಣತನಕ್ಕೂ ಇರುವ ಭೇದವು ಸ್ಪಷ್ಟವಾಗುತ್ತದೆ. ಪೆಟ್ರೋಲು ಉಳಿಯಲೆಂದು ಸುಡು ಮಧ್ಯಾಹ್ನದಲ್ಲಿ ಏಸಿ ಆರಿಸಿ, ಬೆವರು ಸುರಿಸುತ್ತ ಹೋಗುವ ಮಹಾಶಯರನ್ನು ನಾವು ಬಲ್ಲೆವು. ಒಳಗಿನ ಗಾಳಿಯನ್ನು ಉಸಿರಾಡುವ ಬ್ಯಾಟರಿಯಿರುವ ಗಾಡಿಯಲ್ಲಿ ಅವರು ಚಮಚೆಯಷ್ಟು ಪೆಟ್ರೋಲನ್ನು ಉಳಿಸಿ, ಗಾಡಿಯ ಅತ್ಯಂತ ಬೆಲೆಯುಳ್ಳ ಅಂಗವನ್ನು ಬೇಯಿಸುತ್ತಿರುತ್ತಾರೆ. ಬಿಡದಿಯಲ್ಲಿ ತಯಾರಾಗುವ ಮೇಲೆ ಹೇಳಿದ ಎರಡು ಗಾಡಿಗಳ ಬ್ಯಾಟರಿಗೆ ೮ ವರ್ಷ ಅಥವಾ ೧,೬೦,೦೦೦ ಕಿಲೋಮೀಟರು, ಇವುಗಳಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ವಾರಂಟಿಯುಂಟು. ಅನಂತರ ಅದು ಇನ್ನೆಷ್ಟು ವರ್ಷ ಬಾಳುವುದೆಂಬುದು ಬಹುಮಟ್ಟಿಗೆ ಒಡೆಯನ ನಡತೆಯನ್ನು ಅವಲಂಬಿಸಿದೆ.

ದೊಡ್ಡ ಬ್ಯಾಟರಿಯ ಚಿಂತೆಯಲ್ಲಿ ಚಿಕ್ಕದನ್ನು ಮರೆಯುವವರೂ ಉಂಟು. ಈ ಗಾಡಿಗಳಲ್ಲಿ ೧೨ ವೋಲ್ಟಿನ ಇನ್ನೊಂದು ಬ್ಯಾಟರಿಯಿರುತ್ತದೆ. ದೀಪ, ಬಾಗಿಲ ಬೀಗ, ಗಾಡಿಯನ್ನು ಎಚ್ಚರಿಸುವ ಯಂತ್ರಗಳು ಎಲ್ಲವೂ ಅದರ ಮೇಲೆ ನಿಂತಿವೆ. ಅದು ಸೋತರೆ ಟಾಂಕಿಯ ತುಂಬ ಪೆಟ್ರೋಲಿದ್ದರೂ, ದೊಡ್ಡ ಬ್ಯಾಟರಿ ತುಂಬಿದ್ದರೂ ಗಾಡಿ ಏಳದು. ನಮ್ಮ ಓಣಿಯ ಗೃಹಸ್ಥರೊಬ್ಬರು ತೀರ್ಥಯಾತ್ರೆಗೆ ಹೋಗಿ ಮೂರು ವಾರದ ಮೇಲೆ ಮರಳಿದಾಗ ಹೀಗೆಯೇ ಆಯಿತು. ವಾರಕ್ಕೊಮ್ಮೆ ಸ್ವಲ್ಪ ದೂರ ಓಡಿಸುವುದು, ಬೇಸಿಗೆಗೆ ಮುಂಚೆ ಪರೀಕ್ಷೆ ಮಾಡಿಸುವುದು, ಸೊರಗಿದ್ದರೆ ಬದಲಿಸಿಬಿಡುವುದು, ಇಷ್ಟೇ ಇದಕ್ಕೆ ಉಪಾಯ. ಕಳೆದ ಯುಗಾದಿಯ ಹೊತ್ತಿಗೆ ನಮ್ಮ ಗಾಡಿಯ ಚಿಕ್ಕ ಬ್ಯಾಟರಿಯನ್ನು ಬದಲಿಸಿದಾಗ, ನಡೆಯುತ್ತಿರುವುದನ್ನು ಏಕೆ ಕಿತ್ತಿರೆಂದು ಮನೆಯಲ್ಲಿ ಆಕ್ಷೇಪವೂ ಬಂದಿತು. ಅದೇ ವೈಶಾಖದಲ್ಲಿ ಒಂದು ರಾತ್ರಿ, ನಾವು ಕಮಲಾಪುರದಲ್ಲಿದ್ದಾಗ, ಅವ್ವನಿಗೆ ಎದೆ ಬಿಗಿದು ಉಸಿರಾಟ ಕಷ್ಟವಾಯಿತು. ಗುಂಡಿ ಒತ್ತಿದೊಡನೆ ಗಾಡಿ ಎದ್ದಿತು. ಬೆಳಗಾಗುವುದರೊಳಗೆ ಅವರು ಕಲಬುರಗಿಯ ವೈದ್ಯರ ಕೈಯಲ್ಲಿ ಸುರಕ್ಷಿತರಾಗಿದ್ದರು. ಆ ಮೇಲೆ ಆಕ್ಷೇಪಗಳು ಕೇಳಿಬರಲಿಲ್ಲ. “ಎತ್ತಿಗಿ ನೀರ ತೋರಿಸ್ದೆ ಗಾಡಿ ಹೂಡಬ್ಯಾಡ್ರೋ ಮಕ್ಕಳಾ” ಎಂದು ಅವ್ವ ಮೊದಲಿನಿಂದಲೂ ಹೇಳುತ್ತ ಬಂದ ಮಾತು ಈ ಎತ್ತಿಗೂ ಸಲ್ಲುತ್ತದೆ.

ಉಳಿದ ಆರೈಕೆಯು ಎಲ್ಲ ಮೋಟಾರುಗಳಿಗೂ ಸಮಾನವೇ. ಟಯರಿನ ಹವೆಯನ್ನು ತಿಂಗಳಿಗೊಮ್ಮೆಯಾದರೂ ಬೆಳಗಿನ ತಂಪಿನಲ್ಲಿ, ಗಾಡಿ ಓಡಿಸುವ ಮೊದಲು ನೋಡಿಸಬೇಕು. ಮಧ್ಯಾಹ್ನ ಕಾದ ಟಯರಿನಲ್ಲಿ ಹವೆ ಹೆಚ್ಚು ಕಾಣುವುದು ಸಹಜ, ಅದನ್ನು ಕಂಡು ಹೊರಗೆ ಬಿಡಬಾರದು. ಹವೆ ಕಡಿಮೆಯಾದ ಟಯರು ಪೆಟ್ರೋಲನ್ನೂ ತಿನ್ನುತ್ತದೆ, ತಾನೂ ಸವೆಯುತ್ತದೆ. ಎಂಜಿನ್ನಿನ ಗಾಳಿಯ ಫಿಲ್ಟರನ್ನು ನಮ್ಮ ಧೂಳಿನಲ್ಲಿ ಪುಸ್ತಕದಲ್ಲಿ ಹೇಳಿದ ಅವಧಿಗಿಂತ ಮೊದಲೇ ನೋಡಿಸುವುದು ಲೇಸು. ಎಂಜಿನ್ನು ಅರ್ಧ ಹೊತ್ತು ಮಲಗಿಯೇ ಇರುವುದಲ್ಲ ಎಂದು ಆಯಿಲು ಬದಲಿಸುವುದನ್ನು ಮುಂದೂಡಬಾರದು. ಚಿಕ್ಕ ಚಿಕ್ಕ ಓಟಗಳಲ್ಲಿ ಆಯಿಲು ಸಾಕಷ್ಟು ಕಾಯದೆ ತೇವವನ್ನು ಹಿಡಿದುಕೊಳ್ಳುತ್ತದೆ. ಆದರೆ ಕಿತ್ತಳೆ ಬಣ್ಣದ ದಪ್ಪ ತಂತಿಗಳನ್ನು ಮಾತ್ರ ಮನೆಯವರಾಗಲಿ, ಅಭ್ಯಾಸವಿಲ್ಲದ ಮಿಸ್ತ್ರಿಯಾಗಲಿ ಮುಟ್ಟಕೂಡದು. ಅವುಗಳಲ್ಲಿ ಪ್ರಾಣಾಪಾಯದಷ್ಟು ವಿದ್ಯುತ್ತಿದೆ.

ಕಡೆಯದಾಗಿ, ಒಂದು ನೋಟುಬುಕ್ಕು. ಟಾಂಕಿ ತುಂಬಿಸಿದಾಗಲೆಲ್ಲ ಓಡಿದ ಕಿಲೋಮೀಟರನ್ನೂ ಹಾಕಿಸಿದ ಲೀಟರನ್ನೂ ಬರೆದಿಟ್ಟು ಭಾಗಿಸಿದರೆ ಗಾಡಿಯ ಆರೋಗ್ಯವು ತಾನೇ ಗೊತ್ತಾಗುತ್ತದೆ. ಹೈರೈಡರ್ ಹೈಬ್ರಿಡ್ ಗಾಡಿಯು ಲೀಟರಿಗೆ ೨೭.೯೭ ಕಿಲೋಮೀಟರು ಓಡುವುದೆಂದು ಘೋಷಿತವಾದುದು ಪರೀಕ್ಷಾಲಯದ ನಿಯಮಿತ ಓಟದ ಲೆಕ್ಕ. ರಸ್ತೆಯಲ್ಲಿ ಅದು ಬರಲಿಲ್ಲವೆಂದು ಕಳವಳಪಡಬೇಕಾಗಿಲ್ಲ. ೨೦೨೫ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಎಥನಾಲಿನ ಪಾಲು ಶೇಕಡಾ ೨೦ಕ್ಕೆ ಏರಿತು. ಎಥನಾಲಿನಲ್ಲಿ ಲೀಟರಿಗೆ ಶಕ್ತಿಯು ಮೂರನೆಯ ಒಂದು ಪಾಲಿನಷ್ಟು ಕಡಿಮೆಯಾದುದರಿಂದ ಸ್ವಲ್ಪ ಇಳಿತವು ಸ್ವಾಭಾವಿಕ. ನೋಡಬೇಕಾದುದು ಬೇರೆಯವರ ಅಂಕೆಯನ್ನಲ್ಲ, ನಮ್ಮದೇ ಹಿಂದಿನ ತಿಂಗಳ ಅಂಕೆಯನ್ನು. ಕಾರಣವಿಲ್ಲದೆ ಅದು ಕುಸಿದರೆ ಟಯರೋ, ಫಿಲ್ಟರೋ, ಬ್ರೇಕೋ, ಏನೋ ಒಂದು ಸಹಾಯ ಬೇಡುತ್ತಿದೆಯೆಂದು ತಿಳಿದು ಆಗಲೇ ಮಿಸ್ತ್ರಿಯ ಬಳಿಗೆ ಹೋಗಬೇಕು.

ಯಂತ್ರವು ಎಷ್ಟು ಜಾಣತನದ್ದಾದರೂ ನೆರಳನ್ನು ತಾನೇ ಹುಡುಕಿಕೊಳ್ಳಲಾರದು, ತನ್ನ ಧೂಳನ್ನು ತಾನೇ ಕೊಡವಿಕೊಳ್ಳಲಾರದು. ಅದು ಉಳಿಸಿಕೊಡುವುದನ್ನು ಉಳಿಸಿಕೊಳ್ಳುವ ಕೆಲಸವು ಗೃಹಸ್ಥನದು. ತಿಂಗಳಿಗೆ ಒಂದು ಗಂಟೆಯ ಗಮನವನ್ನು ಕೊಟ್ಟರೆ ಅದು ಹತ್ತು ವರ್ಷದ ಸೇವೆಯನ್ನು ಕೊಡಬಲ್ಲುದು. ಇಷ್ಟು ಅಗ್ಗದ ವ್ಯಾಪಾರವು ಮನೆತನದಲ್ಲಿ ಇನ್ನೆಲ್ಲಿ ದೊರೆಯುವುದು?