ನಕಾಶೆಯಿಂದ ಅಳಿಸಿದರೂ ಉಳಿದ ರಟ್ಲಂಡ್

ಇಂಗ್ಲೆಂಡಿನ ರಟ್ಲಂಡ್‌ನಲ್ಲಿರುವ ಓಕಮ್ ಕೋಟೆಯ ಸಭಾಂಗಣಕ್ಕೆ ಕಾಲಿಟ್ಟರೆ ಮೊದಲು ಕಾಣುವುದು ಲಾಳಗಳು. ಗೋಡೆ ತುಂಬ, ಇನ್ನೂರಕ್ಕೂ ಹೆಚ್ಚು ಕುದುರೆ ಲಾಳಗಳು! ಕೆಲವಂತೂ ಯಾವ ಕುದುರೆಯ ಗೊರಸಿಗೂ ಹೊಂದದಷ್ಟು ದೊಡ್ಡವು, ನೆತ್ತಿಯ ಮೇಲೆ ಕಿರೀಟ ಹೊತ್ತವು. ಎಲ್ಲದರ ತುದಿಗಳೂ ಕೆಳಮುಖ. ಡ್ಯೂಕ್ ಆಗಲಿ ಬ್ಯಾರನ್ ಆಗಲಿ, ಈ ಊರಿಗೆ ಮೊದಲ ಸಲ ಬಂದರೆ ಇಲ್ಲಿನ ಒಡೆಯನಿಗೆ ಒಂದು ಲಾಳದ ಕಾಣಿಕೆ ಒಪ್ಪಿಸಬೇಕು. ರಾಜ ರಾಣಿಯರೂ ಒಪ್ಪಿಸಿದ್ದಾರೆ. ಉಳಿದಿರುವ ಲಾಳಗಳಲ್ಲಿ ಅತಿ ಹಳೆಯದು 15ನೇ ಶತಮಾನದ ನಾಲ್ಕನೇ ಎಡ್ವರ್ಡ್ ದೊರೆಯದು ಎನ್ನುತ್ತಾರೆ. 12ನೇ ಶತಮಾನದ ಕೊನೆಗೆ ವಾಕೆಲಿನ್ ಡಿ ಫೆರರ್ಸ್ ಕಟ್ಟಿಸಿದ ಈ ಹಜಾರದಲ್ಲೇ ಶತಮಾನಗಳ ಕಾಲ ನ್ಯಾಯಾಲಯ ಕೂರುತ್ತಿತ್ತು. ಆ ಕಲ್ಲಿನ ಕಂಬಗಳ ನಡುವೆ ನಿಂತು ನಾನು ಮಾತು ಮರೆತೆ. ಇಡೀ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಪ್ರಾಂತ್ಯದ, ಆಡಳಿತ ಒಂದು ಸೂರಿನಡಿ ನಡೆಯಬಹುದಾದಷ್ಟು ಪುಟ್ಟ ನಾಡು ಇದು!

ರಟ್ಲಂಡ್ ಇಂಗ್ಲೆಂಡಿನ ಐತಿಹಾಸಿಕ ಕೌಂಟಿಗಳಲ್ಲೆಲ್ಲ ಚಿಕ್ಕದು. ವಿಸ್ತೀರ್ಣ ಸುಮಾರು 382 ಚದರ ಕಿಲೋಮೀಟರ್, 2021ರ ಜನಗಣತಿಯಂತೆ ಜನ ಸುಮಾರು 41,000. ಓಕಮ್, ಅಪ್ಪಿಂಗಮ್ ಎಂಬ ಎರಡೇ ಪಟ್ಟಣ. ಮಿಕ್ಕಿದ್ದೆಲ್ಲ ಹೊಲ, ಕುರಿ, ಜೇನುಬಣ್ಣದ ಕಲ್ಲಿನ ಮನೆಗಳ ಹಳ್ಳಿ. ಕೌಂಟಿಯ ಧ್ಯೇಯವಾಕ್ಯವೇ ಕಿರಿದರಲ್ಲಿ ಹಿರಿದು ಎನ್ನುತ್ತದೆ. ಇಷ್ಟು ಚಿಕ್ಕ ನೆಲವನ್ನೂ ಹಿಂದೆ ಹಂಡ್ರೆಡ್ ಎಂಬ ಹೋಬಳಿಗಳಾಗಿ ಹಂಚಿದ್ದರು. ಆಲ್‌ಸ್ಟೋ, ಈಸ್ಟ್, ಮಾರ್ಟಿನ್ಸ್ಲಿ, ರಾಂಡೈಕ್, ಓಕಮ್ ಸೋಕ್: ಹೀಗೆ ಐದು.

1960ರ ದಶಕದಲ್ಲೇ ರಟ್ಲಂಡನ್ನು ನೆರೆಯ ಲೆಸ್ಟರ್‌ಶೈರಿಗೆ ಸೇರಿಸುವ ಸೂಚನೆ ಬಂದಾಗ ಜನ ಪಟ್ಟು ಹಿಡಿದು ತಡೆದಿದ್ದರು. ಆದರೆ 1974ರ ಏಪ್ರಿಲ್ 1ರಂದು ದೇಶದ ಸ್ಥಳೀಯ ಆಡಳಿತವನ್ನು ಹೊಸದಾಗಿ ಹೊಂದಿಸಿದಾಗ ರಟ್ಲಂಡ್ ಕೌಂಟಿಯ ಪಟ್ಟ ಕಳೆದುಕೊಂಡು ಲೆಸ್ಟರ್‌ಶೈರಿನ ಒಂದು ಡಿಸ್ಟ್ರಿಕ್ಟ್, ಅಂದರೆ ಕೌಂಟಿಯ ಕೆಳಗಿನ ಆಡಳಿತ ಘಟಕ, ಆಯಿತು. ಶಾಲೆ, ರಸ್ತೆಗಳ ತೀರ್ಮಾನ ಲೆಸ್ಟರ್‌ಶೈರಿಗೆ ಹೋಯಿತು. ಕಸ ಎತ್ತುವುದು, ಮನೆ ಕಟ್ಟಲು ಅನುಮತಿ ಕೊಡುವುದು ಓಕಮ್‌ನಲ್ಲಿ ಉಳಿಯಿತು. ಅದೇ ವರ್ಷಗಳಲ್ಲಿ ಗ್ವಾಶ್ ಹೊಳೆಗೆ ಅಣೆಕಟ್ಟು ಕಟ್ಟಿದರು. ನೆದರ್ ಹ್ಯಾಂಬಲ್ಟನ್ ಎಂಬ ಹಳ್ಳಿ ಮುಳುಗಿತು. ನಾರ್ಮಂಟನ್ ಚರ್ಚಿನ ಕೆಳಭಾಗಕ್ಕೆ ಕಲ್ಲು ತುಂಬಿಸಿ, ನೆಲ ಎತ್ತರಿಸಿ ಉಳಿಸಿಕೊಂಡರು; ಈಗಲೂ ಅದು ನೀರಿನೊಳಕ್ಕೆ ಚಾಚಿ ನಿಂತಿದೆ, ನೋಡಿದಷ್ಟೂ ಸಾಲದು. ಕಾಮಗಾರಿ ನಡೆಯುವಾಗ ಎಂಪಿಂಗಮ್ ಜಲಾಶಯ ಎನ್ನಿಸಿಕೊಂಡಿದ್ದುದು ಕೊನೆಗೆ ರಟ್ಲಂಡ್ ವಾಟರ್ ಎಂದು ಹೆಸರಾಯಿತು. ಕೌಂಟಿ ಇಲ್ಲವಾದ ಹೊತ್ತಿನಲ್ಲಿ ಅದರ ಹೆಸರನ್ನು ಒಂದು ಕೆರೆ ಹೊತ್ತುಕೊಂಡಿತಲ್ಲ, ಅದು ನನ್ನ ಮನಸ್ಸಿನಿಂದ ಹೋಗುತ್ತಲೇ ಇಲ್ಲ.

1997ರ ಏಪ್ರಿಲ್ 1ರಂದು ರಟ್ಲಂಡ್ ಮರಳಿ ಬಂತು. ಈ ಸಲ ಎರಡು ಹಂತದ ಆಡಳಿತವಿಲ್ಲ. ಶಾಲೆ, ರಸ್ತೆ, ಗ್ರಂಥಾಲಯ, ವೃದ್ಧರ ಆರೈಕೆ, ಕಸ, ಕಟ್ಟಡ ಅನುಮತಿ ಎಲ್ಲವೂ ಓಕಮ್‌ನ ಕ್ಯಾಟ್ಮೋಸ್ ಹೌಸ್‌ನಲ್ಲಿರುವ ಒಂದೇ ಕೌನ್ಸಿಲಿಗೆ ಸೇರಿದವು. ಅರಮನೆಯ ಪ್ರತಿನಿಧಿಯಾದ ಲಾರ್ಡ್ ಲೆಫ್ಟಿನೆಂಟ್ ಪದವಿಯೂ ಮರಳಿತು. ಕಾನೂನಿನ ಕಣ್ಣಿಗೆ ಆ ಕೌನ್ಸಿಲ್ ಈಗಲೂ ಡಿಸ್ಟ್ರಿಕ್ಟ್ ಕೌನ್ಸಿಲ್ ಆದ್ದರಿಂದ ಕಾಗದದ ಮೇಲಿನ ಪೂರ್ಣ ಹೆಸರು ರಟ್ಲಂಡ್ ಕೌಂಟಿ ಕೌನ್ಸಿಲ್ ಡಿಸ್ಟ್ರಿಕ್ಟ್ ಕೌನ್ಸಿಲ್! ಪೊಲೀಸ್ ಮಾತ್ರ ಇಂದಿಗೂ ಲೆಸ್ಟರ್‌ಶೈರಿನದೇ.

ಆದರೂ ನನ್ನನ್ನು ಹೆಚ್ಚು ಸೆಳೆದದ್ದು ಈ ಕೌನ್ಸಿಲಿನ ಕೆಳಗಿನ ಮೆಟ್ಟಿಲು, ಹಳ್ಳಿಮಟ್ಟದ ಪ್ಯಾರಿಷ್. 1894ರ ಕಾಯ್ದೆ ಹಳ್ಳಿಯ ಲೌಕಿಕ ವ್ಯವಹಾರವನ್ನು ಚರ್ಚಿನ ಕೈಯಿಂದ ಬಿಡಿಸಿ, ಊರವರು ಆರಿಸಿದ ಪ್ಯಾರಿಷ್ ಕೌನ್ಸಿಲಿಗೆ ಕೊಟ್ಟಿತು. ಸ್ಮಶಾನ, ಆಟದ ಬಯಲು, ಬಸ್ ತಂಗುದಾಣ, ದಾರಿಬದಿಯ ಬೆಂಚು ಅದರ ಪಾಲಿನವು. ಕೌನ್ಸಿಲ್ ಆರಿಸುವಷ್ಟೂ ಜನರಿಲ್ಲದ ಕಿರುಹಳ್ಳಿಗಳಲ್ಲಿ ಆಗುವುದಂತೂ ಇನ್ನೂ ಸೊಗಸು. ಅಲ್ಲಿ ಪ್ರತಿನಿಧಿಗಳೇ ಇಲ್ಲ. ಮತದಾರರೆಲ್ಲ ವರ್ಷಕ್ಕೆ ಎರಡು ಸಲವಾದರೂ ಒಟ್ಟಿಗೆ ಕೂತು, ಕೈಯೆತ್ತಿ ತಾವೇ ನಿರ್ಣಯಿಸುತ್ತಾರೆ. ಊರ ಖರ್ಚಿಗೆ ಎಷ್ಟು ಹಣ ಬೇಕೆಂದು ಆ ಸಭೆ ಹೇಳಿದರೆ, ಕೌಂಟಿ ಕೌನ್ಸಿಲ್ ಅದನ್ನು ಆ ಹಳ್ಳಿಯ ಮನೆಗಳ ತೆರಿಗೆಗೆ ಸೇರಿಸಿ ವಸೂಲಿ ಮಾಡಿ ಊರಿಗೇ ಒಪ್ಪಿಸಬೇಕು.