ಬ್ಯಾಟ್‌ಮನ್ ಗುಹೆಯ ಬಾಯಲ್ಲಿ

ಹಾಲಿವುಡ್‌ಗೆ ಹೋದವರು ತಲೆ ಎತ್ತಿ ನಡೆಯುತ್ತಾರೆ ಅಂದುಕೊಂಡಿದ್ದೀರಾ? ಇಲ್ಲ ಸ್ವಾಮಿ, ಅಲ್ಲಿ ಎಲ್ಲರೂ ತಲೆ ತಗ್ಗಿಸಿಯೇ ನಡೆಯೋದು! ಹಾಲಿವುಡ್ ಬುಲವಾರ್ಡ್ ಎಂಬ ಬೀದಿಯ ಫುಟ್‌ಪಾತಿನಲ್ಲಿ ಕಲ್ಲಿನ ನಕ್ಷತ್ರಗಳನ್ನು ಹುದುಗಿಸಿದ್ದಾರೆ. ಒಂದೊಂದು ನಕ್ಷತ್ರಕ್ಕೆ ಒಂದೊಂದು ಹೆಸರು. ಅದನ್ನು ಓದುತ್ತಾ, ಎದುರಿಗೆ ಬಂದವರಿಗೆ ಡಿಕ್ಕಿ ಹೊಡೆದು ಸಾರಿ ಹೇಳುತ್ತಾ ಸಾಗಬೇಕು. ನಾನೂ ಹಾಗೇ ಸಾಗಿದ್ದೆ. ಒಂದು ನಕ್ಷತ್ರದ ಮುಂದೆ ಕಾಲು ತಾನಾಗಿ ನಿಂತಿತು. ಆಡಂ ವೆಸ್ಟ್!

ಯಾರೀತ ಅಂತೀರಾ? ಟೆಲಿವಿಷನ್ನಿನ ಬ್ಯಾಟ್‌ಮನ್. ಇವತ್ತಿನ ಸಿನಿಮಾಗಳಲ್ಲಿ ಬರುವ, ಮುಖ ಗಂಟು ಹಾಕಿಕೊಂಡು ಮಳೆಯಲ್ಲಿ ನೆನೆಯುವ ಬ್ಯಾಟ್‌ಮನ್ ಅಲ್ಲ. ಬೂದು ಬಣ್ಣದ ಬಿಗಿ ಉಡುಪು, ನೀಲಿ ಮುಸುಕು, ಸಣ್ಣಗೆ ಮುಂದೆ ಬಂದ ಹೊಟ್ಟೆ, ಎಂಥಾ ಅಪಾಯದಲ್ಲೂ ಮೇಷ್ಟ್ರ ಥರ ಬುದ್ಧಿಮಾತು. ಗೂಸಾ ಬಿದ್ದಾಗಲೆಲ್ಲ ಪರದೆಯ ತುಂಬ ದಪ್ಪಕ್ಷರದಲ್ಲಿ 'ಪೌ', 'ಜ್ಯಾಪ್' ಎಂದು ಸದ್ದು ಮೂಡುತ್ತಿತ್ತಲ್ಲ, ಅದೇ ಸೀರಿಯಲ್. ಶುರುವಾದದ್ದು 1966ರ ಜನವರಿ 12ರಂದು, ಮುಗಿದದ್ದು 1968ರ ಮಾರ್ಚ್ 14ರಂದು. ಫುಟ್‌ಪಾತಿನಲ್ಲಿ ಈತನಿಗೆ ನಕ್ಷತ್ರ ಸಿಕ್ಕಿದ್ದು 2012ರಲ್ಲಿ. ಲೆಕ್ಕ ಹಾಕಿ, 44 ವರ್ಷ!

ಜೊತೆಗಿದ್ದವನು ಆ ಊರಲ್ಲೇ ಕೆಲಸದಲ್ಲಿರುವ ಹಾಸನದ ಕಡೆಯ ಗೆಳೆಯ. ಸೂಪರ್‌ಹೀರೋ ಅಂದರೆ ಪ್ರಾಣ ಬಿಡುವವನು. ಆದರೆ ಅವತ್ತು ಸಿಟ್ಟಿನಲ್ಲಿದ್ದ. ಅವನು ನಾಲ್ಕು ವರ್ಷದಿಂದ ನೋಡುತ್ತಿದ್ದ ಒಂದು ಸೀರಿಯಲ್ಲಿನ ಹೊಸ ಸೀಸನ್ ಅವನ ಪ್ರಕಾರ ಪೂರಾ ಕೆಟ್ಟಿತ್ತು. "ಮುಗೀತು ಮಾರಾಯ. ಒಂದು ಸೀಸನ್ ಹಳ್ಳ ಹಿಡಿದರೆ ಮತ್ತೆ ಮೇಲೆ ಬರಲ್ಲ. ಇನ್ನು ನಾನು ನೋಡಲ್ಲ" ಎಂದು ದಾರಿಯುದ್ದಕ್ಕೂ ಗೊಣಗಾಟ. ಸರಿ, ಇವನ ವಾದಕ್ಕೆ ಉತ್ತರ ಸಿಗುವ ಜಾಗಕ್ಕೇ ಹೋಗೋಣ ಎಂದು ಕಾರು ತಿರುಗಿಸಿದೆವು.

ಕ್ಯಾನ್ಯನ್ ಡ್ರೈವ್ ಎಂಬ ರಸ್ತೆ ಮನೆಗಳ ಸಾಲಿನ ನಡುವೆ ಹತ್ತುತ್ತಾ ಹೋಗಿ ಗ್ರಿಫಿತ್ ಪಾರ್ಕಿನ ಗುಡ್ಡಗಳಲ್ಲಿ ಕೊನೆಯಾಗುತ್ತೆ. ಅಲ್ಲಿ ಕಾರು ಬಿಟ್ಟು ಮಣ್ಣಿನ ದಾರಿ ಹಿಡಿದರೆ ಕೆಲವೇ ನಿಮಿಷದ ನಡಿಗೆ. ಒಂದು ಬೀಡಿ ಮುಗಿಯುವಷ್ಟು ದೂರ ಅನ್ನಬಹುದಿತ್ತು, ಆದರೆ ಬೀಡಿ ಹಚ್ಚುವಂತಿಲ್ಲ. ಒಣಗುಡ್ಡ, ಬೆಂಕಿಯ ಭಯ. ಹುಲ್ಲೆಲ್ಲ ಕಾದು ಗರಿಗರಿ. ತಿರುವು ದಾಟಿದರೆ ದಿಢೀರನೆ ಕಲ್ಲಿನ ಗೋಡೆ, ಅದರ ನಡುವೆ ಕಪ್ಪು ಬಾಯಿ. ಬ್ರಾನ್ಸನ್ ಗುಹೆ!

ಗುಹೆ ಅಂತ ಹೆಸರಷ್ಟೆ. ನಿಜಕ್ಕೂ ಇದು ಹಳೇ ಕಲ್ಲುಗಣಿ. 1903ರಲ್ಲಿ ಶುರುವಾದ ಈ ಗಣಿಯ ಜಲ್ಲಿ ಲಾಸ್ ಏಂಜಲೀಸ್‌ನ ಪೆಸಿಫಿಕ್ ಎಲೆಕ್ಟ್ರಿಕ್ ರೈಲುದಾರಿಗೆ ಹೋಗುತ್ತಿತ್ತು. ಗಣಿ ನಿಂತ ಮೇಲೆ ಗುಡ್ಡವನ್ನು ಕೊರೆದ ಸುರಂಗ ಉಳಿಯಿತು. ಈ ಕಡೆ ಒಂದು ಬಾಯಿ, ಆ ಕಡೆ ಮೂರು ಬಾಯಿ. ಒಳಗೆ ನಡೆದರೆ ಹದಿನೈದು ಮೀಟರು ಆದೀತು ಅಷ್ಟೆ. ಆ ತುದಿಯ ಬೆಳಕು ಈ ತುದಿಗೆ ಕಾಣುತ್ತೆ. ಹಾಗಾಗಿ ಕ್ಯಾಮೆರಾದವರು ಎಂದೂ ನೇರಕ್ಕೆ ನಿಲ್ಲೋದಿಲ್ಲ, ಓರೆಯಾಗಿ ನಿಲ್ಲುತ್ತಾರೆ. ಆಗ ಗುಹೆ ಪಾತಾಳದವರೆಗೆ ಹೋದಂತೆ ಕಾಣುತ್ತೆ. ಜಾನ್ ವೇಯ್ನ್‌ನ 'ದಿ ಸರ್ಚರ್ಸ್' ನೋಡಿದ್ದೀರಾ? 1956ರದು. ಕೊನೆಯಲ್ಲಿ ಆತ ಹುಡುಗಿಯನ್ನು ಎರಡೂ ಕೈಯಲ್ಲಿ ಎತ್ತಿಕೊಳ್ಳುತ್ತಾನಲ್ಲ, ಅದನ್ನು ತೆಗೆದದ್ದು ಇಲ್ಲೇ. ಅದೇ ವರ್ಷ 'ಇನ್ವೇಷನ್ ಆಫ್ ದಿ ಬಾಡಿ ಸ್ನ್ಯಾಚರ್ಸ್' ಚಿತ್ರದ ಜೋಡಿ ಓಡಿಬಂದು ಅಡಗಿದ್ದೂ ಇದೇ ಸುರಂಗದಲ್ಲಿ.

ಬ್ಯಾಟ್‌ಮನ್ನನ ಕಾರು ಬುರ್ರನೆ ಹೊರಬರುತ್ತಿದ್ದುದು ಇಲ್ಲಿಂದ. ಆದರೆ ಬಾಯಿ ಎಷ್ಟು ಕಿರಿದು ಅಂದರೆ ಕಾರಿನ ಎರಡು ಪಕ್ಕದಲ್ಲಿ ಗೇಣು ಜಾಗ ಉಳಿದರೆ ಹೆಚ್ಚು. ಡ್ರೈವರ್ ನಿಧಾನಕ್ಕೆ, ಬಸುರಿಯನ್ನು ಕೂರಿಸಿಕೊಂಡ ಎತ್ತಿನಗಾಡಿಯ ಥರ, ಹೊರಗೆ ತರುತ್ತಿದ್ದ. ಕ್ಯಾಮೆರಾವನ್ನು ನಿಧಾನವಾಗಿ ಓಡಿಸಿ ತೆಗೆದದ್ದರಿಂದ ಪರದೆ ಮೇಲೆ ಅದು ಬಾಣದಂತೆ ಚಿಮ್ಮಿತು. ಆ ಕಾರಿನದೂ ಒಂದು ಕಥೆ. ಅದು ಮೊದಲು ಲಿಂಕನ್ ಫ್ಯೂಚರಾ ಎಂಬ 1955ರ ಪ್ರದರ್ಶನದ ಕಾರು. ಜಾರ್ಜ್ ಬ್ಯಾರಿಸ್ ಎಂಬಾತ ಅದನ್ನು ಬರೀ ಒಂದು ಡಾಲರಿಗೆ ಕೊಂಡಿದ್ದ, ಸೀರಿಯಲ್ಲಿಗಾಗಿ ಮೂರು ವಾರದಲ್ಲಿ ಬ್ಯಾಟ್‌ಮೊಬೈಲ್ ಮಾಡಿಕೊಟ್ಟ. 2013ರ ಹರಾಜಿನಲ್ಲಿ ಅದಕ್ಕೆ ಬಿದ್ದ ಕೂಗು 42 ಲಕ್ಷ ಡಾಲರ್!

ಭೂಗೋಳದ ತಮಾಷೆ ಕೇಳಿ. ಕಥೆಯಲ್ಲಿ ಬಂಗಲೆ, ಅದರ ಕೆಳಗೇ ಗುಹೆ. ಹೊರಗಿನಿಂದ ತೋರಿಸುವ ಬಂಗಲೆ ಇರೋದು ಪ್ಯಾಸಡೀನಾದಲ್ಲಿ. ಹೀರೋಗಳಿಬ್ಬರು ಕಂಬ ಹಿಡಿದು ಜಾರಿ ಇಳಿಯುವ ಗುಹೆಯ ಒಳಭಾಗ ಕಲ್ವರ್ ಸಿಟಿಯ ಸ್ಟುಡಿಯೋದಲ್ಲಿ. ಕಾರು ಹೊರಬರೋದು ಈ ಗುಡ್ಡದಲ್ಲಿ. ಮೂರು ಊರು ಸೇರಿ ಒಂದು ಮನೆ. ನಮ್ಮ ರಾಮನಗರದ ಬೆಟ್ಟದಡಿ ಇಡೀ ಊರನ್ನೇ ಕಟ್ಟಿ 'ಷೋಲೆ' ತೆಗೆದರಲ್ಲ, ಹಾಗೆ. ಬಂಡೆ ಇವತ್ತಿಗೂ ಇದೆ, ಆ ಊರಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಗುಹೆಯ ತಂಪಿನಲ್ಲಿ ಕೂತು ಗೆಳೆಯನಿಗೆ ಲೆಕ್ಕ ಹೇಳಿದೆ. ಮೊದಲ ಸೀಸನ್ 34 ಕಂತು. ವಾರಕ್ಕೆ ಎರಡು ಸಲ, ಬುಧವಾರ ರಾತ್ರಿ ಹೀರೋ ಗರಗಸದ ಕೆಳಗೆ, ಗುರುವಾರ ರಾತ್ರಿ ಬಚಾವ್. ಅಮೆರಿಕಕ್ಕೆ ಹುಚ್ಚೇ ಹಿಡಿಯಿತು. ಆ ಬೇಸಿಗೆಯಲ್ಲೇ ಅದೇ ತಂಡದ ಸಿನಿಮಾನೂ ಬಂತು. ಆಮೇಲೆ ಎರಡನೇ ಸೀಸನ್. ಎಷ್ಟು ಕಂತು ಗೊತ್ತೇ? 60! ಒಂದೇ ಸೀಸನ್ನಿನಲ್ಲಿ ಅರವತ್ತು! ಕಥೆ ಬರೆಯುವವರ ತಲೆ ಒಣಗದೆ ಇರುತ್ತದೆಯೇ? ಅದೇ ಕಳ್ಳ, ಅದೇ ಬಲೆ, ಅದೇ ಪಾರಾಗುವಿಕೆ. ರಿಡ್ಲರ್ ಪಾತ್ರದಲ್ಲಿ ಎಗರಾಡಿ ಪ್ರಾಣ ತುಂಬಿದ್ದ ಫ್ರ್ಯಾಂಕ್ ಗಾರ್ಷಿನ್ ಎರಡನೇ ಸೀಸನ್ನಿನಲ್ಲಿ ಕಾಣಲೇ ಇಲ್ಲ, ಒಂದು ಕಥೆಗೆ ಬೇರೆ ನಟ ಬಂದು ಹೋದ. ಜನ ಜಾರತೊಡಗಿದರು.

ಮೂರನೇ ಸೀಸನ್ನಿಗೆ ವಾರಕ್ಕೆ ಒಂದೇ ಕಂತು, ಒಟ್ಟು 26. ಹಣ ಕಡಿತ. ಕೆಲವು ಕಂತುಗಳಲ್ಲಿ ಕಳ್ಳರ ಅಡ್ಡೆ ಅಂದರೆ ಕಪ್ಪು ಹಿನ್ನೆಲೆ, ಮುಂದೆ ಬಣ್ಣ ಬಳಿದ ನಾಲ್ಕು ರಟ್ಟು. ನಮ್ಮ ಕಂಪನಿ ನಾಟಕದ ಪರದೆಗಳಾದರೂ ಇದಕ್ಕಿಂತ ಭರ್ಜರಿ! ಕ್ಯಾಟ್‌ವುಮನ್ ಜೂಲಿ ನ್ಯೂಮರ್ 'ಮೆಕೆನ್ನಾಸ್ ಗೋಲ್ಡ್' ಚಿತ್ರಕ್ಕೆ ಹೋಗಿದ್ದರಿಂದ ಆ ಜಾಗಕ್ಕೆ ಹಾಡುಗಾರ್ತಿ ಅರ್ಥಾ ಕಿಟ್ ಬಂದಳು. ಬೆಕ್ಕಿನಂತೆ ಗುರ್ರೆನ್ನುವ ದನಿ ಅವಳದು, ನನಗಂತೂ ಇಷ್ಟ. ಸೀರಿಯಲ್ಲನ್ನು ಎತ್ತಲೆಂದೇ ತಂದ ಬ್ಯಾಟ್‌ಗರ್ಲ್ ಇವಾನ್ ಕ್ರೇಗ್. ಆಕೆ ಬ್ಯಾಲೆ ನರ್ತಕಿ. ಗುದ್ದುವುದಿಲ್ಲ, ಕಾಲೆತ್ತಿ ಒದೆಯುತ್ತಾಳೆ. ಆ ಒದೆತ ನೋಡಲಿಕ್ಕಾದರೂ ಆ ಸೀಸನ್ ನೋಡಬಹುದು ಎಂಬುದು ನನ್ನ ತೀರ್ಪು. ಆದರೆ ಎಬಿಸಿ ಚಾನೆಲ್ಲಿಗೆ ಅಷ್ಟು ಸಾಲಲಿಲ್ಲ. ನಿಲ್ಲಿಸಿದರು.

"ನಾ ಹೇಳಿದ್ದೂ ಅದೇ ತಾನೆ!" ಎಂದು ಗೆಳೆಯ ಎದ್ದು ನಿಂತ. ತಡಿಯಪ್ಪಾ, ಪಿಕ್ಚರ್ ಬಾಕಿ ಇದೆ ಎಂದು ಅವನನ್ನು ಕಲ್ವರ್ ಸಿಟಿಗೆ ಹೊರಡಿಸಿದೆ.

ಕಲ್ವರ್ ಸ್ಟುಡಿಯೋದ ಮುಂಭಾಗ ಬಿಳಿ ಕಂಬಗಳ ದೊಡ್ಡ ಬಂಗಲೆ. 'ಕಿಂಗ್ ಕಾಂಗ್', 'ಗಾನ್ ವಿತ್ ದಿ ವಿಂಡ್' ತೆಗೆದ ಅಂಗಳ. ನಾವು ಹೊರಗಿನಿಂದಲೇ ದರ್ಶನ ಮಾಡಿ ಕೈ ಮುಗಿದೆವು. ನನಗೆ ಆ ಬಿಳಿ ಬಂಗಲೆಗಿಂತ ಅದರ ಹಿಂದೆ ಇಲ್ಲದಿರುವ ಗುಹೆಯದೇ ಯೋಚನೆ. ಎಬಿಸಿ ಕೈಬಿಟ್ಟ ಮೇಲೆ ಎನ್‌ಬಿಸಿ ಚಾನೆಲ್ಲು ಸೀರಿಯಲ್ಲನ್ನು ತಾನು ಮುಂದುವರಿಸಲು ಮನಸ್ಸು ಮಾಡಿತ್ತು. ಆದರೆ ಮಾತು ಬರುವ ಹೊತ್ತಿಗೆ ಗುಹೆಯ ಸೆಟ್ಟನ್ನು ಒಡೆದು ಸಾಗಿಸಿ ಆಗಿತ್ತು! ಮತ್ತೆ ಕಟ್ಟಬೇಕಾದರೆ ಸುಮಾರು 8 ಲಕ್ಷ ಡಾಲರ್ ಬೇಕಿತ್ತಂತೆ. ಆ ಕಾಲದ 8 ಲಕ್ಷ. ಎನ್‌ಬಿಸಿ ಹಿಂದೆ ಸರಿಯಿತು. ಈ ಸೀರಿಯಲ್ಲಿನ ಚರಿತ್ರೆ ಬರೆದವರೆಲ್ಲ ಹೇಳುವ ಕಥೆ ಇದು. ಅಂದರೆ ಬ್ಯಾಟ್‌ಮನ್ನನಿಗೆ ನಾಲ್ಕನೇ ಸೀಸನ್ ತಪ್ಪಿದ್ದು ಮೂರನೆಯದು ಕೆಟ್ಟದ್ದರಿಂದ ಮಾತ್ರವಲ್ಲ. ಸುತ್ತಿಗೆಯವರು ಅವಸರ ಮಾಡಿದರು!

ಅವಸರ ಮಾಡದಿದ್ದರೆ ಏನಾಗುತ್ತಿತ್ತು? ಅದಕ್ಕೂ ಸಾಕ್ಷಿ ಇದೆ. 'ವಂಡರ್ ವುಮನ್' ಆಗಿ ಲಿಂಡಾ ಕಾರ್ಟರ್ ಬಂದದ್ದೂ ಎಬಿಸಿಯಲ್ಲೇ, 1975ರಲ್ಲಿ. ಕಥೆ ಎರಡನೇ ಮಹಾಯುದ್ಧದ ಕಾಲದ್ದು. ಹಳೇ ಕಾಲದ ಕಾರು, ಉಡುಪು, ಖರ್ಚು ವಿಪರೀತ. ಎಬಿಸಿ ಹಿಂಜರಿಯಿತು. ಸಿಬಿಎಸ್ ಚಾನೆಲ್ ಎತ್ತಿಕೊಂಡು ಕಥೆಯನ್ನು ಸೀದಾ 1970ರ ದಶಕಕ್ಕೆ ತಂದಿಟ್ಟಿತು. ಅದೇ ನಾಯಕಿ, ಅದೇ ಕಿರೀಟ, ಖರ್ಚು ಕಮ್ಮಿ. 1979ರವರೆಗೆ ಓಡಿತು.

ಈಚಿನದು ಬೇಕೇ? 2006ರಲ್ಲಿ ಬಂದ 'ಹೀರೋಸ್' ಮೊದಲ ಸೀಸನ್ನಿನಲ್ಲಿ ಜಗತ್ತನ್ನೇ ಕೂರಿಸಿತ್ತು. ಎರಡನೆಯದು ಕುಂಟಿತು. ಕಥೆ ನಿಧಾನವಾಯಿತೆಂದು ಅದನ್ನು ಹುಟ್ಟಿಸಿದ ಟಿಮ್ ಕ್ರಿಂಗ್ ತಾನೇ ಪತ್ರಿಕೆಯ ಮುಂದೆ ಒಪ್ಪಿಕೊಂಡ. ಜೊತೆಗೆ 2007ರ ನವೆಂಬರಿನಲ್ಲಿ ಹಾಲಿವುಡ್ ಬರಹಗಾರರ ಮುಷ್ಕರ, ಸೀಸನ್ 11 ಕಂತಿಗೇ ಮೊಟಕು. ಆಮೇಲೆ ಎಷ್ಟು ತಿಣುಕಿದರೂ ಏಳಲಿಲ್ಲ, 2010ರಲ್ಲಿ ಅಂಗಡಿ ಮುಚ್ಚಿದರು. ಅವರು ಮಾಡಿದ್ದೇನು? ಗೊಂದಲದ ಮೇಲೆ ಇನ್ನಷ್ಟು ಪಾತ್ರ, ಇನ್ನಷ್ಟು ಶಕ್ತಿ. ಯಾರು ಸತ್ತರು, ಯಾರು ಬದುಕಿದರು ಎಂಬ ಲೆಕ್ಕ ಇಡಲು ನೋಡುಗನಿಗೊಬ್ಬ ಶಾನುಭೋಗ ಬೇಕಿತ್ತು.

ಕೆನಡಾದ ವ್ಯಾಂಕೂವರಿನಲ್ಲಿ ತೆಗೆದ 'ಆರೋ' ನೋಡಿ. ಬಿಲ್ಲು ಹಿಡಿದ ಸ್ಟೀಫನ್ ಅಮೆಲ್. 2015ರಲ್ಲಿ ಶುರುವಾದ ನಾಲ್ಕನೇ ಸೀಸನ್ನಿನಲ್ಲಿ ಬಿಲ್ಲುಗಾರನ ಎದುರು ಮಾಟ-ಮಂತ್ರದ ವಿಲನ್ ತಂದು ನಿಲ್ಲಿಸಿದರು. ಬಾಣಕ್ಕೆ ಬೆಲೆಯೇ ಇಲ್ಲ! ಅಭಿಮಾನಿಗಳು ಬೈದು ಹಾಕಿದರು. ಮುಂದಿನ ವರ್ಷ ಏನು ಮಾಡಿದರು ಗೊತ್ತೇ? ಮಂತ್ರವನ್ನು ಮೂಟೆ ಕಟ್ಟಿದರು. ಹೀರೋ ಮೊದಲ ಸೀಸನ್ನಿನಲ್ಲಿ ತಾನೇ ಮಾಡಿದ ಕೊಲೆಯೊಂದರ ಸೇಡಿಗೆ ಬಂದ ಪ್ರೊಮಿಥಿಯಸ್ ಎಂಬ ಒಬ್ಬನೇ ವಿಲನ್. ಮತ್ತೆ ಬೀದಿ, ಮತ್ತೆ ಕತ್ತಲು, ಮತ್ತೆ ಬಾಣ. ಐದನೇ ಸೀಸನ್ ಗೆದ್ದಿತು. 2020ರ ಜನವರಿಯಲ್ಲಿ 170 ಕಂತು ಮುಗಿಸಿಯೇ ಅದು ಮರ್ಯಾದೆಯಿಂದ ಎದ್ದುಹೋದದ್ದು.

ಗೆಳೆಯ ಸುಮ್ಮನಾದ. ಆದರೆ ನನ್ನ ಮನಸ್ಸು ಆಡಂ ವೆಸ್ಟ್ ಹತ್ತಿರವೇ ಇತ್ತು. ಸೀರಿಯಲ್ ಬಿದ್ದರೆ ನಮಗೆ ಗುರುವಾರದ ಅರ್ಧ ಗಂಟೆ ಹೋಯಿತು, ಅಷ್ಟೆ. ಅವನಿಗೆ? ಮುಸುಕು ತೆಗೆದರೂ ಯಾರೂ ಅವನನ್ನು ಬೇರೆ ಪಾತ್ರದಲ್ಲಿ ನೋಡಲು ಒಪ್ಪಲಿಲ್ಲ. ಅವಕಾಶಗಳು ಒಣಗಿದವು. ಒಂದು ಕಾಲದಲ್ಲಿ ಆತ ಅದೇ ಉಡುಪು ತೊಟ್ಟು ಮೇಳ, ಕಾರ್ ಪ್ರದರ್ಶನಗಳಲ್ಲಿ ಕೈ ಬೀಸಿ ಹೊಟ್ಟೆ ಹೊರೆದ. ಆದರೆ ಅಷ್ಟರಲ್ಲಿ ಮರುಪ್ರಸಾರ ನಡೆಯುತ್ತಲೇ ಇತ್ತು. ಮೂರನೇ ಸೀಸನ್ ಕೆಟ್ಟಿತ್ತೆಂದು ಗೊತ್ತಿಲ್ಲದ ಹೊಸ ಮಕ್ಕಳು ಎಲ್ಲ 120 ಕಂತನ್ನೂ ಒಂದೇ ಪ್ರೀತಿಯಿಂದ ನೋಡಿದರು. ಹಕ್ಕಿನ ತಕರಾರು ಬಗೆಹರಿದು 2014ರಲ್ಲಿ ಡಿಸ್ಕ್ ಬಂತು. 2016ರಲ್ಲಿ ಹಳೇ ಬ್ಯಾಟ್‌ಮನ್, ಹಳೇ ರಾಬಿನ್ ಬರ್ಟ್ ವಾರ್ಡ್, ಹಳೇ ಬೆಕ್ಕಮ್ಮ ಜೂಲಿ ನ್ಯೂಮರ್ ಮೂವರೂ ದನಿ ಕೊಟ್ಟ ಕಾರ್ಟೂನ್ ಚಿತ್ರ ಬಂತು.

ಆಡಂ ವೆಸ್ಟ್ ತೀರಿಹೋದದ್ದು 2017ರ ಜೂನ್ 9ರಂದು. ಆರು ದಿನದ ಮೇಲೆ, ರಾತ್ರಿ, ಲಾಸ್ ಏಂಜಲೀಸ್ ಸಿಟಿ ಹಾಲಿನ ಗೋಪುರದ ಮೇಲೆ ಬಾವಲಿಯ ಬೆಳಕು ಬಿಟ್ಟರು. ಮೇಯರ್ ಬಂದಿದ್ದ, ಪೊಲೀಸ್ ಮುಖ್ಯಸ್ಥ ಬಂದಿದ್ದ, ಸೀರಿಯಲ್ಲಿನ ಕಥೆಯಲ್ಲಿ ಬಂದ ಹಾಗೇ! ಅದೇ ಗೋಪುರ 1950ರ ದಶಕದ ಸೂಪರ್‌ಮ್ಯಾನ್ ಸೀರಿಯಲ್ಲಿನಲ್ಲಿ ಡೈಲಿ ಪ್ಲಾನೆಟ್ ಪತ್ರಿಕೆಯ ಕಚೇರಿಯಾಗಿ ಕಾಣಿಸಿಕೊಂಡದ್ದು. ನಾವು ಅದರ ಕೆಳಗೆ ನಿಂತಾಗ ಸಂಜೆಯಾಗಿತ್ತು, ಎದುರಿನ ಹುಲ್ಲಿನ ಮೇಲೆ ಯಾರೋ ನಿದ್ದೆ ಹೊಡೆಯುತ್ತಿದ್ದರು.

"ಸರಿ, ಆ ಕೆಟ್ಟ ಮೂರನೇ ಸೀಸನ್ನಿನಲ್ಲಿ ಯಾವುದು ಮೊದಲು ನೋಡಲಿ?" ಎಂದು ಕೇಳಿದ ಗೆಳೆಯ. 1967ರ ನವೆಂಬರಿನ ಸಮುದ್ರದ ಕಂತು ನೋಡು ಎಂದೆ. ಅದರಲ್ಲಿ ಜೋಕರ್ ಮತ್ತು ಬ್ಯಾಟ್‌ಮನ್ ಅಲೆಯ ಮೇಲೆ ಹಲಗೆ ಜಾರಿಸುವ ಪಂದ್ಯ ಕಟ್ಟುತ್ತಾರೆ. ಇಬ್ಬರೂ ತಮ್ಮ ಪೂರ್ತಿ ಉಡುಪಿನ ಮೇಲೆಯೇ ಈಜುಚಡ್ಡಿ ಹಾಕಿಕೊಂಡಿರುತ್ತಾರೆ. ಜೋಕರ್ ಪಾತ್ರದ ಸೀಸರ್ ರೊಮೆರೊ ಮೀಸೆ ಬೋಳಿಸಲು ಒಪ್ಪದವನು, ಹತ್ತಿರದಿಂದ ನೋಡಿದರೆ ಬಿಳಿ ಬಣ್ಣದಡಿ ಮೀಸೆ ಎದ್ದು ಕಾಣುತ್ತೆ.