ಕಲ್ಲು ಮಣ್ಣಿಗೆ ಉಡುಗೆ ಏಕೆ?

ಕುಂದಾಪುರದಿಂದ ಉತ್ತರಕ್ಕೆ ಬೈಂದೂರಿನವರೆಗೆ, ದಕ್ಷಿಣಕ್ಕೆ ಬ್ರಹ್ಮಾವರದವರೆಗೆ, ರಾಷ್ಟ್ರೀಯ ಹೆದ್ದಾರಿ 66ರ ಇಕ್ಕೆಲಗಳಲ್ಲಿ ಈಗ ವಸತಿ ಸಮುಚ್ಚಯಗಳು ತಲೆಯೆತ್ತುತ್ತಿವೆ. ಹಂಚಿನ ಮಾಡಿನ ಮನೆಗಳಲ್ಲಿ ಹುಟ್ಟಿ ಬೆಳೆದ ನಮ್ಮಂತಹ ಅನೇಕ ಕುಟುಂಬಗಳು ಆಸ್ತಿ ಪಾಲಾದ ಬಳಿಕ ಎರಡು ಕೋಣೆಗಳ ಫ್ಲ್ಯಾಟಿಗೆ ಬಂದು ನೆಲೆಸಿವೆ. ಹಳೆಯ ಮನೆಯಲ್ಲಿ ಜಗಲಿ, ಚಾವಡಿ, ಒಳಮನೆ ಎಂಬ ವಿಂಗಡಣೆಯಿತ್ತು. ದಾರಿಹೋಕರಿಗೆ ಜಗಲಿ, ನೆಂಟರಿಗೆ ಚಾವಡಿ, ಹೆಣ್ಣುಮಕ್ಕಳ ಮಾತುಕತೆಗೆ ಒಳಮನೆ. ಫ್ಲ್ಯಾಟಿನಲ್ಲಿ ಈ ಮೂರೂ ಸೇರಿ 'ಹಾಲ್' ಎಂಬ ಒಂದೇ ಕೋಣೆಯಾಗಿದೆ. ಊಟ, ಓದು, ನಮಾಝ್, ಅತಿಥಿ ಸತ್ಕಾರ ಎಲ್ಲವೂ ಅಲ್ಲಿಯೇ. ಬಾಗಿಲು ತೆರೆದೊಡನೆ ಹೊರಗಿನವರ ಕಣ್ಣಿಗೆ ಬೀಳುವುದೂ ಅದೇ. ಆ ಕಣ್ಣಿಗಾಗಿ ಅದನ್ನು ಸಿಂಗರಿಸಬೇಕೋ, ಅಲ್ಲಿ ಕುಳಿತುಕೊಳ್ಳುವವರಿಗಾಗಿ ಅಣಿಗೊಳಿಸಬೇಕೋ ಎಂಬುದು ಸಣ್ಣ ಪ್ರಶ್ನೆಯಂತೆ ತೋರಬಹುದು. ಆದರೆ ಸಾಲ, ಮದುವೆ, ಮರ್ಯಾದೆ ಎಲ್ಲವೂ ಅದಕ್ಕೆ ಅಂಟಿಕೊಂಡಿವೆ.

ಕುಂದಾಪುರದ ಫ್ಲ್ಯಾಟಿನ ಬೀಗದ ಕೈ ನಮಗೆ ಸಿಕ್ಕಿದಾಗ ಕೈಯಲ್ಲಿ ಉಳಿದದ್ದು 40,000 ರೂಪಾಯಿ. ಒಳಾಂಗಣ ಮಾಡುವವರೊಬ್ಬರು ಬಂದು ಟೇಪು ಹಿಡಿದು ಅಳೆದು, ಹಾಲ್ ಒಂದಕ್ಕೇ 2,80,000 ರೂಪಾಯಿಯ ಅಂದಾಜು ಪಟ್ಟಿ ಕೊಟ್ಟರು. ಫಾಲ್ಸ್ ಸೀಲಿಂಗ್, ಟಿ.ವಿ. ಗೋಡೆಗೆ ಪ್ಯಾನೆಲ್, ಎದುರು ಗೋಡೆಗೆ ವಾಲ್‌ಪೇಪರ್, ಮೂಲೆಗೆ ಹೊಂದುವ ದೊಡ್ಡ ಸೋಫಾ. ನಾವು ಹಿಂಜರಿದಾಗ ಬಂಧುಗಳು ಬುದ್ಧಿ ಹೇಳಿದರು. ಮನೆಯಲ್ಲಿ ಮದುವೆಯ ವಯಸ್ಸಿಗೆ ಬಂದ ಮಗಳಿದ್ದಾಳೆ. ಹೆಣ್ಣು ನೋಡಲು ಬರುವವರು ಹುಡುಗಿಯನ್ನು ನೋಡುವ ಮೊದಲು ಹಾಲನ್ನು ನೋಡುತ್ತಾರೆ. ಈ ಮಾತು ಸುಳ್ಳೆಂದು ನಾವು ಹೇಳಲಾರೆವು. ನಮ್ಮ ಸಮುದಾಯದಲ್ಲಿ ವರದಕ್ಷಿಣೆಯ ವಿರುದ್ಧ ಭಾಷಣ ಮಾಡುವವರೂ ಸೋಫಾದ ಮೇಲೆ ಕುಳಿತೇ ಮನೆತನವನ್ನು ಅಳೆಯುತ್ತಾರೆ.

ಇಸ್ಲಾಮ್ ಮನೆಯನ್ನು ಬರಡಾಗಿಡಲು ಹೇಳುವ ಧರ್ಮವಲ್ಲ ಎಂಬುದನ್ನು ಮೊದಲು ಹೇಳಿಬಿಡಬೇಕು. ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯದ 80ನೇ ಸೂಕ್ತದಲ್ಲಿ ಅಲ್ಲಾಹನು ಮನೆಯನ್ನು ನೆಮ್ಮದಿಯ ತಾಣವೆಂದು ಕರೆಯುತ್ತಾನೆ. ಕುರಿ, ಒಂಟೆ, ಆಡುಗಳ ಉಣ್ಣೆ ಮತ್ತು ಕೂದಲಿನಿಂದ ಮಾಡುವ ಗೃಹೋಪಕರಣಗಳನ್ನು ತನ್ನ ಅನುಗ್ರಹಗಳ ಸಾಲಿನಲ್ಲಿ ಎಣಿಸುತ್ತಾನೆ. ದಾಸರಿಗಾಗಿ ತಾನು ಹೊರತಂದ ಅಲಂಕಾರವನ್ನು ನಿಷೇಧಿಸಿದವರು ಯಾರೆಂದು ಅಲ್ ಅಅ್‌ರಾಫ್ ಅಧ್ಯಾಯದಲ್ಲಿ ಅವನೇ ಕೇಳುತ್ತಾನೆ. ಆ ಪ್ರಶ್ನೆಗೆ ತುಸು ಮುಂಚೆ, 31ನೇ ಸೂಕ್ತದ ಕೊನೆಯಲ್ಲಿ, ಮಿತಿ ಮೀರುವವರನ್ನು ಅವನು ಮೆಚ್ಚುವುದಿಲ್ಲ ಎಂಬ ಎಚ್ಚರಿಕೆಯಿದೆ. ಎರಡೂ ಒಂದರ ಬೆನ್ನಿಗೆ ಒಂದು ಬಂದಿವೆ.

ಈ ವಿಷಯದಲ್ಲಿ ನಮಗೆ ಬೆಳಕು ತೋರಿದ್ದು ಸಹೀಹ್ ಮುಸ್ಲಿಮ್‌ನಲ್ಲಿರುವ ಹ. ಆಯಿಶಾ(ರ)ರ ಒಂದು ವರದಿ. ಪ್ರವಾದಿವರ್ಯರು(ಸ) ದಂಡಯಾತ್ರೆಗೆ ಹೋಗಿದ್ದಾಗ ಅವರು ಒಂದು ಅಂದದ ಬಟ್ಟೆಯನ್ನು ಕೊಂಡು ಬಾಗಿಲಿಗೆ ಇಳಿಬಿಟ್ಟಿದ್ದರು. ಹಿಂದಿರುಗಿ ಬಂದ ಪ್ರವಾದಿವರ್ಯರ(ಸ) ಮುಖದಲ್ಲಿ ಅಸಮಾಧಾನ ಕಾಣಿಸಿತು. ಅವರು ಅದನ್ನು ಎಳೆದು ಹರಿದು, ಕಲ್ಲಿಗೂ ಮಣ್ಣಿಗೂ ಬಟ್ಟೆ ತೊಡಿಸಲು ಅಲ್ಲಾಹನು ನಮಗೆ ಆಜ್ಞಾಪಿಸಿಲ್ಲ ಎಂಬ ಅರ್ಥದ ಮಾತನ್ನು ಹೇಳಿದರು. ಪ್ರವಚನಗಳಲ್ಲಿ ಸಾಮಾನ್ಯವಾಗಿ ಈ ವರದಿ ಇಲ್ಲಿಗೇ ನಿಲ್ಲುತ್ತದೆ. ಅದರ ಮುಂದಿನ ಭಾಗ ನಮಗೆ ಇನ್ನಷ್ಟು ಪ್ರಿಯ. ಹ. ಆಯಿಶಾ(ರ) ಆ ಬಟ್ಟೆಯನ್ನು ಕತ್ತರಿಸಿ, ಖರ್ಜೂರದ ನಾರು ತುಂಬಿ ಎರಡು ದಿಂಬುಗಳನ್ನು ಮಾಡಿದರು. ಪ್ರವಾದಿವರ್ಯರು(ಸ) ಅದಕ್ಕೆ ಆಕ್ಷೇಪಿಸಲಿಲ್ಲ. ಬಟ್ಟೆ ಅದೇ. ನೋಟಕ್ಕಾಗಿ ತೂಗುತ್ತಿದ್ದದ್ದು ಮನುಷ್ಯನ ಬೆನ್ನಿಗೆ ಆಸರೆಯಾಯಿತು.

ಇದರಿಂದ ಗೋಡೆಯ ಅಲಂಕಾರ ಹರಾಮ್ ಎಂಬ ತೀರ್ಮಾನಕ್ಕೆ ಯಾರೂ ಧಾವಿಸಬೇಕಾಗಿಲ್ಲ. ಈ ಹದೀಸ್‌ಗೆ ಬರೆದ ವ್ಯಾಖ್ಯಾನದಲ್ಲಿ 13ನೇ ಶತಮಾನದ ಇಮಾಮ್ ನವವಿ, ಆಜ್ಞಾಪಿಸಿಲ್ಲ ಎಂದರೆ ನಿಷೇಧಿಸಿದಂತಾಗುವುದಿಲ್ಲ ಎಂದು ವಿವರಿಸಿ, ಗೋಡೆಗೆ ಬಟ್ಟೆ ಹೊದಿಸುವುದನ್ನು ಅನಪೇಕ್ಷಿತವೆಂದಷ್ಟೇ ಪರಿಗಣಿಸುತ್ತಾರೆ. ಕರಾವಳಿಯ ಬ್ಯಾರಿ, ನವಾಯತ್ ಮನೆಗಳಲ್ಲಿ ಬಹುತೇಕರು ಅನುಸರಿಸುವುದು ಶಾಫಿಈ ಮದ್‌ಹಬ್. ನವವಿಯವರು ಆ ಪಂಥದ ಮಹಾನ್ ವಿದ್ವಾಂಸರು. ಆದರೆ ಸಹಾಬಿಗಳು ಇದನ್ನು ಎಷ್ಟು ಗಂಭೀರವಾಗಿ ಕಂಡಿದ್ದರೆಂಬುದಕ್ಕೆ ಇನ್ನೊಂದು ಘಟನೆಯಿದೆ. ಹ. ಇಬ್ನು ಉಮರ್(ರ) ತಮ್ಮ ಮಗ ಸಾಲಿಮ್‌ರ ವಿವಾಹದ ಔತಣಕ್ಕೆ ಹ. ಅಬೂ ಅಯ್ಯೂಬ್ ಅನ್ಸಾರಿ(ರ)ಯವರನ್ನು ಆಮಂತ್ರಿಸಿದ್ದರು. ಮನೆಯ ಗೋಡೆಗಳಿಗೆ ಬಟ್ಟೆ ಹೊದಿಸಿದ್ದನ್ನು ಕಂಡು ಅಬೂ ಅಯ್ಯೂಬ್(ರ) ಊಟ ಮಾಡದೆ ಹಿಂದಿರುಗಿದರು. ಮನೆಯ ಹೆಂಗಸರ ಮಾತು ಮೇಲಾಯಿತು ಎಂದು ಇಬ್ನು ಉಮರ್(ರ) ಸಮಜಾಯಿಷಿ ಕೊಟ್ಟರೂ ಅವರು ಒಪ್ಪಲಿಲ್ಲ. (ಹೆಂಗಸರ ಮೇಲೆ ಹೊರಿಸುವ ಈ ಸಮಜಾಯಿಷಿ ಇಂದಿಗೂ ಚಾಲ್ತಿಯಲ್ಲಿದೆ. ನಮ್ಮ ಅನುಭವದಲ್ಲಿ ದೊಡ್ಡ ಟಿ.ವಿ.ಗೂ ಅದರ ಹಿಂದಿನ ಪ್ಯಾನೆಲ್‌ಗೂ ಪಟ್ಟು ಹಿಡಿಯುವವರು ಗಂಡಸರೇ.)

ಅಂದಾಜು ಪಟ್ಟಿಯನ್ನು ಈ ಬೆಳಕಿನಲ್ಲಿ ಮತ್ತೆ ಓದಿದೆವು. ಅದರ ಅರ್ಧಕ್ಕಿಂತ ಹೆಚ್ಚು ಮೊತ್ತ ಗೋಡೆಗೂ ಛಾವಣಿಗೂ ಹೋಗುತ್ತಿತ್ತು. ಗೋಡೆಯ ವಿಷಯದಲ್ಲಿ ನಮ್ಮ ನೆಲದ ಹವೆಯೂ ಧರ್ಮದ ಪಕ್ಷವನ್ನೇ ವಹಿಸುತ್ತದೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಅದನ್ನು ಹೊತ್ತು ತರುವುದು ಕಡಲ ಕಡೆಯ ಗಾಳಿ. ಕುಂದಾಪುರದ ಮೂರು ದಿಕ್ಕಿಗೂ ನೀರು. ಪಂಚಗಂಗಾವಳಿಯ ಅಳಿವೆ ಪಕ್ಕದಲ್ಲೇ ಇದೆ. ಮಳೆಗಾಲದಲ್ಲಿ ಪಶ್ಚಿಮದ ಗೋಡೆ ತೇವವನ್ನು ಹೀರಿ ಒಳಗೆ ಬಿಡುತ್ತದೆ. ಅಲ್ಲಿ ವಾಲ್‌ಪೇಪರ್ ಅಂಟಿಸಿದರೆ ಅದರ ಹಿಂದೆ ತೇವ ಸಿಕ್ಕಿಕೊಂಡು ಬೂಷ್ಟು ಹಿಡಿಯುತ್ತದೆ, ಅಂಚುಗಳು ಸುರುಳಿ ಸುತ್ತುತ್ತವೆ. ಅಗ್ಗದ ಪಾರ್ಟಿಕಲ್ ಬೋರ್ಡ್ ನೀರು ಕುಡಿದು ಉಬ್ಬುತ್ತದೆ. ರೆಕ್ಸಿನ್ ಸೋಫಾ ಸೆಕೆಗಾಲದಲ್ಲಿ ಮೈಗೆ ಅಂಟುತ್ತದೆ, ಮಳೆಗಾಲದಲ್ಲಿ ಬೂಷ್ಟಿನ ವಾಸನೆ ಬೀರುತ್ತದೆ. ಫಾಲ್ಸ್ ಸೀಲಿಂಗ್ ಮಾಡಿದರೆ ಹತ್ತು ಅಡಿಯೊಳಗಿನ ಕೋಣೆಯ ಎತ್ತರದಲ್ಲಿ ಅರ್ಧ ಅಡಿ ಕಡಿಮೆಯಾಗಿ, ಬಿಸಿಗಾಳಿ ಇನ್ನಷ್ಟು ತಲೆಯ ಹತ್ತಿರಕ್ಕೆ ಬರುತ್ತದೆ.

ಪಶ್ಚಿಮದ ಗೋಡೆಗೆ ನಮ್ಮಲ್ಲಿ ಇನ್ನೊಂದು ಮಹತ್ವವಿದೆ. ಕುಂದಾಪುರದಿಂದ ಮಕ್ಕಾದ ದಿಕ್ಕು ನೇರ ಪಶ್ಚಿಮದಿಂದ ಸುಮಾರು 18 ಡಿಗ್ರಿ ಉತ್ತರಕ್ಕೆ ವಾಲಿದೆ. ಅಂದರೆ ಹಾಲಿನಲ್ಲಿ ನಮಾಝ್‌ಗೆ ನಿಂತವರ ಮುಂದೆ ಇರುವುದು ಅದೇ ಗೋಡೆ. ಅಂದಾಜು ಪಟ್ಟಿಯಲ್ಲಿ ಟಿ.ವಿ., ಮಿನುಗುವ ಪ್ಯಾನೆಲ್, ಬಣ್ಣದ ದೀಪಗಳು ಎಲ್ಲವೂ ಅದೇ ಗೋಡೆಗೆ ನಿಗದಿಯಾಗಿದ್ದವು. ಹ. ಆಯಿಶಾ(ರ)ರ ಮನೆಯ ಒಂದು ಬದಿಗೆ ತೂಗುಬಿಟ್ಟಿದ್ದ ಚಿತ್ತಾರದ ಪರದೆಯನ್ನು ತೆಗೆಯುವಂತೆ ಪ್ರವಾದಿವರ್ಯರು(ಸ) ಹೇಳಿದ ವರದಿ ಸಹೀಹ್ ಬುಖಾರಿಯಲ್ಲಿದೆ. ನಮಾಝ್‌ನಲ್ಲಿ ಅದರ ಚಿತ್ರಗಳು ಕಣ್ಣೆದುರು ಸುಳಿಯುತ್ತಲೇ ಇರುತ್ತವೆ ಎಂಬುದು ಅದಕ್ಕೆ ಅವರು ಕೊಟ್ಟ ಕಾರಣ. ಪ್ರವಾದಿಯ(ಸ) ಏಕಾಗ್ರತೆಗೇ ಅಡ್ಡಿಯಾದದ್ದು ನಮ್ಮ ಏಕಾಗ್ರತೆಯನ್ನು ಉಳಿಸೀತೇ? ಟಿ.ವಿ.ಯನ್ನು ನಾವು ದಕ್ಷಿಣದ ಗೋಡೆಗೆ ಸರಿಸಿದೆವು. ಚಿನ್ನದ ಬಣ್ಣದ ಅಕ್ಷರಗಳ ದೊಡ್ಡ ಆಯತುಲ್ ಕುರ್ಸಿಯ ಚೌಕಟ್ಟನ್ನು ಉಡುಗೊರೆಯಾಗಿ ತಂದವರೂ ಇದ್ದರು. ಅನೇಕ ಮನೆಗಳಲ್ಲಿ ಅದರ ಕೆಳಗೇ ಧಾರಾವಾಹಿ ಓಡುತ್ತಿರುತ್ತದೆ. ಆ ನೆರೆಹೊರೆ ನಮಗೆ ಹಿಡಿಸದು. ಅದನ್ನು ತಾಯಿಯ ಕೋಣೆಯಲ್ಲಿ ಇರಿಸಿದ್ದೇವೆ. ಪಶ್ಚಿಮದ ಗೋಡೆ ಬಿಳಿಯಾಗಿ, ಬರಿದಾಗಿ ಇದೆ.

ಸಹೀಹ್ ಮುಸ್ಲಿಮ್‌ನಲ್ಲಿಯೇ ಹಾಸಿಗೆಗಳ ಲೆಕ್ಕವಿದೆ: ಮನೆಯ ಯಜಮಾನನಿಗೆ ಒಂದು, ಪತ್ನಿಗೆ ಒಂದು, ಅತಿಥಿಗೆ ಮೂರನೆಯದು, ನಾಲ್ಕನೆಯದು ಶೈತಾನನದು. ಅತಿಥಿಯ ಪಾಲು ಲೆಕ್ಕದೊಳಗೇ ಇದೆ, ಯಾರೂ ಬಳಸದ್ದು ಮಾತ್ರ ಹೊರಗೆ ಎಂಬುದನ್ನು ಗಮನಿಸಬೇಕು. ಹಾಗಾಗಿ ವಸ್ತುಗಳನ್ನು ಎಣಿಸುವ ಬದಲು ಕುಳಿತುಕೊಳ್ಳುವವರನ್ನು ಎಣಿಸಿದೆವು. ನಾವಿಬ್ಬರು, ಮಗಳು, ಮೊಣಕಾಲು ನೋವಿನ ತಾಯಿ; ಶುಕ್ರವಾರ ಬರುವ ನೆಂಟರು ನಾಲ್ಕೈದು ಮಂದಿ. ತಗ್ಗಾದ, ಕುಳಿತರೆ ಒಳಕ್ಕೆ ಹೂತುಹೋಗುವ ಸೋಫಾದಿಂದ ತಾಯಿ ಎದ್ದೇಳಲಾರರು. ಅವರಿಗೆ ನೆಲದಿಂದ ಎರಡು ಗೇಣು ಎತ್ತರದ, ಗಟ್ಟಿಯಾದ ಆಸನ ಬೇಕು. ಅಂತಹುದೊಂದು ಗಂಗೊಳ್ಳಿಯ ಹಳೆಯ ಮನೆಯ ಚಾವಡಿಯಲ್ಲಿತ್ತು: ಹಲಸಿನ ಮರದ ಉದ್ದನೆಯ ಬೆಂಚು. ಪಾಲಿನ ಸಮಯದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಲಿಫ್ಟಿನಲ್ಲಿ ಹಿಡಿಸದೆ ನಾಲ್ಕು ಜನ ಮೂರನೆಯ ಮಹಡಿಗೆ ಹೊತ್ತು ತಂದರು. ಬಡಗಿ ಅದನ್ನು ಉಜ್ಜಿ ಪಾಲಿಶ್ ಹಾಕಿದಾಗ ಒಳಗಿನ ಕಂದು ಬಣ್ಣ ಎದ್ದುಬಂತು. ಅದರ ಜೊತೆಗಿದ್ದ ಆರಾಮ ಕುರ್ಚಿಗೆ ಹೊಸದಾಗಿ ಬೆತ್ತ ಹೆಣೆಸಿದೆವು. ಎರಡಕ್ಕೂ ಸೇರಿ 7,500 ರೂಪಾಯಿ; ಬಡಗಿಯ ಕೂಲಿಯನ್ನು ಅಂದೇ ಸಂಜೆ ಕೊಟ್ಟೆವು. ಬೆಂಚಿಗೆ ಹತ್ತಿಯ ಮೆತ್ತೆ, ಒರಗುದಿಂಬುಗಳು 6,000. ಗೋಡೆಗಳಿಗೆ ಸುಣ್ಣದಂತಹ ಬಿಳಿ ಬಣ್ಣ 9,000. ತೊಳೆಯಬಹುದಾದ ತೆಳು ಹತ್ತಿಯ ಪರದೆಗಳಿಗೆ ಸರಳು ಸಹಿತ 5,500. ಮೂರನೆಯ ಮಹಡಿಯಾದರೂ ಎದುರು ಕಟ್ಟಡದ ಕಿಟಕಿಗಳಿರುವುದರಿಂದ ಪರದೆ ಅಲಂಕಾರವಲ್ಲ, ಅವಶ್ಯಕತೆ. ಫ್ಯಾನು ಮತ್ತು ದೀಪಗಳಿಗೆ 4,800.

ನೆಲಕ್ಕೆ ಕಾರ್ಪೆಟ್ ಬೇಡವೆಂದು ನಿಶ್ಚಯಿಸಿದ್ದೆವು. ಮಳೆಗಾಲದಲ್ಲಿ ಒಣಗದ ಕಾರ್ಪೆಟ್‌ನಂತಹ ಕಿರಿಕಿರಿ ಇನ್ನೊಂದಿಲ್ಲ. ಅದರ ಬದಲು ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನೆಯೊಂದನ್ನು ಪರಿಚಿತರ ಮೂಲಕ 4,200 ರೂಪಾಯಿಗೆ ತರಿಸಿದೆವು. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಹತ್ತಿಯ ಜಮಖಾನೆಗಳನ್ನು ತಲೆಮಾರುಗಳಿಂದ ನೇಯುತ್ತ ಬಂದವರು ಅಲ್ಲಿನ ಮುಸ್ಲಿಮ್ ಮಹಿಳೆಯರು. ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು ಕೈಯಿಂದಲೇ ಎಳೆ ಕೂಡಿಸುತ್ತಾರೆ. ಒಂದು ಕಾಲಕ್ಕೆ ಈ ವಿದ್ಯೆಯನ್ನು ಬೇರೆ ಮನೆ ಸೇರುವ ಹೆಣ್ಣುಮಕ್ಕಳಿಗೆ ಕಲಿಸದೆ ಸೊಸೆಯಂದಿರಿಗಷ್ಟೇ ಕಲಿಸುತ್ತಿದ್ದರಂತೆ. ನೇಯುವ ಕುಟುಂಬಗಳು ಈಗ ಕೆಲವೇ ಉಳಿದಿವೆ. ನಮಾಝ್‌ಗೆಂದೇ ನೇಯುವ ಚಿಕ್ಕ ಜಮಖಾನೆಗೆ ಅಲ್ಲಿ ಜಾನಮಾಝ್ ಎಂದೇ ಹೆಸರು. ಹೊರದೇಶದಿಂದ ಬರುವ ಯಂತ್ರದ ಮುಸಲ್ಲಾಗಳನ್ನು ಉಡುಗೊರೆಯಾಗಿ ಹಂಚುವ ನಮ್ಮ ಜಮಾಅತ್‌ಗಳು ಒಮ್ಮೆ ನವಲಗುಂದದತ್ತ ನೋಡಬಾರದೇ?

ಒಟ್ಟು 37,000 ರೂಪಾಯಿ ಆಯಿತು. ಉಳಿದ 3,000ದ ಮಾತು ಮುಂದೆ ಬರುತ್ತದೆ.

ಕಂತಿನ ವಿಷಯವನ್ನು ಇಲ್ಲಿ ಹೇಳದಿದ್ದರೆ ಲೇಖನ ಅಪೂರ್ಣ. ಅಂಗಡಿಗಳು ಸೋಫಾವನ್ನು ಬಡ್ಡಿಯಿಲ್ಲದ ಕಂತಿನಲ್ಲಿ ಕೊಡುತ್ತೇವೆ ಎನ್ನುತ್ತವೆ. ಅಂಗಡಿಯವನೇ ಒಂದು ಬೆಲೆ ನಿಗದಿಪಡಿಸಿ, ಅದನ್ನು ಏರಿಸದೆ ಕಂತುಗಳಲ್ಲಿ ಪಡೆಯುವುದಾದರೆ ಬಹುಪಾಲು ಕರ್ಮಶಾಸ್ತ್ರ ವಿದ್ವಾಂಸರು ಅದನ್ನು ಅನುಮತಿಸುತ್ತಾರೆ. ಆದರೆ ಇಲ್ಲಿ ಸಾಮಾನ್ಯವಾಗಿ ನಡುವೆ ಒಂದು ಬ್ಯಾಂಕು ಅಥವಾ ಹಣಕಾಸು ಸಂಸ್ಥೆ ಇರುತ್ತದೆ. ಅದು ಬಡ್ಡಿ ಹಾಕುತ್ತದೆ. ಅಂಗಡಿ ಅಷ್ಟೇ ಮೊತ್ತವನ್ನು ರಿಯಾಯಿತಿಯೆಂದು ತೋರಿಸುತ್ತದೆ. ಸಹಿ ಮಾತ್ರ ಬಡ್ಡಿಯ ಕರಾರಿಗೇ ಬೀಳುತ್ತದೆ. ಶೂನ್ಯ ಬಡ್ಡಿ ಎಂಬ ಪರಿಕಲ್ಪನೆಯೇ ಅಸ್ತಿತ್ವದಲ್ಲಿಲ್ಲ ಎಂದು ಭಾರತೀಯ ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನ ಸುತ್ತೋಲೆಯಲ್ಲಿ ಬ್ಯಾಂಕುಗಳಿಗೆ ತಿಳಿಸಿತ್ತು. ರಿಸರ್ವ್ ಬ್ಯಾಂಕಿಗೆ ಗೊತ್ತಿರುವ ಸಂಗತಿ ನಮಗೆ ಗೊತ್ತಿಲ್ಲದಿರಬಾರದು. ಹಣ ಕೊಡುವವರು ಯಾರು ಎಂದು ಅಂಗಡಿಯಲ್ಲಿ ಕೇಳಿದರೆ ಸಾಕು, ಚಿತ್ರ ಸ್ಪಷ್ಟವಾಗುತ್ತದೆ.

ಬ್ರಹ್ಮಾವರದಲ್ಲಿರುವ ನಮ್ಮ ಬಂಧುವೊಬ್ಬರ ಹಾಲ್ ಬಹಳ ಚೆಂದ. ಮಗಳ ನಿಶ್ಚಿತಾರ್ಥಕ್ಕೆ ಮೊದಲು ಅದನ್ನು ಮಾಡಿಸಲು ಆ ತಾಯಿ ತಮ್ಮ ಮಹ್ರ್‌ನ ಬಳೆಗಳನ್ನು ಅಡವಿಟ್ಟರು. ನಿಶ್ಚಿತಾರ್ಥಕ್ಕೆ ಬಂದವರು ಎರಡು ಗಂಟೆ ಕುಳಿತು ಹೋದರು. ಬಳೆಗಳು ಇನ್ನೂ ಬಿಡಿಸಿಕೊಳ್ಳಲ್ಪಟ್ಟಿಲ್ಲ. ಪ್ರತಿ ತಿಂಗಳ ಬಡ್ಡಿ ಮಾತ್ರ ಹೋಗುತ್ತಿದೆ. ಮಹ್ರ್ ಎಂದರೆ ಅಲ್ಲಾಹನು ಹೆಣ್ಣಿಗೆ ಕೊಡಿಸಿದ ಸ್ವಂತ ಆಸ್ತಿ. ಅದು ಜಿಪ್ಸಮ್ ಹಲಗೆಯಾಗಿ ಛಾವಣಿಗೆ ಅಂಟಿಕೊಂಡಿರುವುದನ್ನು ನೋಡುವಾಗ ಸಂಕಟವಾಗುತ್ತದೆ. ಅವರನ್ನು ದೂರುವ ಮನಸ್ಸು ನಮಗಿಲ್ಲ. ಅಡವಿಡುವಂತೆ ಮಾಡಿದ್ದು ನೋಡಲು ಬರುವವರ ಕಣ್ಣು, ಅಂದರೆ ನಾವೆಲ್ಲರೂ.

ನಮ್ಮ ಮನೆಗೂ ಬೈಂದೂರಿನ ಕಡೆಯಿಂದ ಒಂದು ಕುಟುಂಬ ಬಂತು. ಹುಡುಗನ ಅಜ್ಜಿ ಬೆಂಚಿನ ಮೇಲೆ ಕಾಲು ಮಡಚಿ ಕುಳಿತು, "ಇದು ಯಾವ ಮರ ಮಗಾ?" ಎಂದು ಕೇಳಿ, ತಮ್ಮ ತವರಿನ ಬೆಂಚಿನ ಕತೆಯನ್ನು ನಮ್ಮ ತಾಯಿಗೆ ಹೇಳುತ್ತ ಹೋದರು. ಅಸ್ರ್ ವೇಳೆಯಾಯಿತು. ಜಮಖಾನೆಯನ್ನು ತಿರುಗಿಸಿ ಹಾಸಿದೆವು. ಐದು ಮಂದಿ ಗಂಡಸರು ಪಶ್ಚಿಮದ ಗೋಡೆಗೆ ಮುಖ ಮಾಡಿ ಸಾಲಾಗಿ ನಿಂತರು. ಹತ್ತು ದಿನಗಳ ಬಳಿಕ ಸಂಬಂಧ ಕೂಡಿಬರುವುದಿಲ್ಲ ಎಂಬ ಉತ್ತರ ಬಂತು. ಕಾರಣ ಹೇಳಲಿಲ್ಲ, ನಾವೂ ಕೇಳಲಿಲ್ಲ. ಹಾಲ್ ಹೀಗಿರುವುದೇ ಕಾರಣವೆಂದು ನಮ್ಮವರು ಕೆಲವರು ಹೇಳಿದರು. ಆ ದಿನ ರಾತ್ರಿ ಮಗಳ ಮುಖ ಬಾಡಿತ್ತು. ಅದನ್ನು ಮರೆಮಾಚಿ ಬರೆಯುವುದು ಸರಿಯಲ್ಲ. ತಾಯಿ ಅವಳನ್ನು ಬೆಂಚಿನ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಬಹಳ ಹೊತ್ತು ತಲೆಗೂದಲು ಬಾಚುತ್ತಿದ್ದರು.

ಮರುವಾರ ಅವಳು ಉಳಿದ 3,000 ರೂಪಾಯಿಯ ಲೆಕ್ಕ ಕೇಳಿದಳು. ಬಿ.ಎಡ್. ಪರೀಕ್ಷೆಗೆ ಓದುತ್ತಿದ್ದಾಳೆ, ಕಿಟಕಿಯ ಬಳಿ ಒಂದು ಪುಟ್ಟ ಮೇಜು, ಅದರ ಮೇಲೊಂದು ದೀಪ ಬೇಕೆಂದಳು. ಬಡಗಿ ಮಿಕ್ಕ ಹಲಗೆಗಳಲ್ಲಿ ಮೇಜು ಮಾಡಿಕೊಟ್ಟಿದ್ದಾನೆ. ಪೂರ್ವದ ಕಿಟಕಿಗೆ ಮಳೆ ಹೊಡೆಯುವುದು ಕಡಿಮೆ. ಪುಸ್ತಕಗಳು ಅಲ್ಲಿ ಬೆಚ್ಚಗಿವೆ.